ಎರಡು ಎಣಿಸುವಷ್ಟರಲ್ಲಿ

ಯಾವ ವಿಡಿಯೊ ಆಟವನ್ನು ಎಷ್ಟು ವಯಸ್ಸಿನ ಮಕ್ಕಳು ಆಡಬಹುದು ಎಂದು ತೀರ್ಮಾನಿಸುವ ಆ ಕಚೇರಿಯಲ್ಲಿ ಆಟ ಆಡಲು ಬರುತ್ತಿದ್ದದ್ದು ಒಬ್ಬನಿಗೆ ಮಾತ್ರ. ಅವನಿಗೆ ಐವತ್ತೆಂಟು ವರ್ಷ. ಸಮಿತಿಯ ಸದಸ್ಯರು ಇಬ್ಬರು: ನಿವೃತ್ತ ಹೆಡ್‌ಮಿಸ್ಸು, ಮತ್ತೊಬ್ಬರು ವಕೀಲರು. ಅವರು ಗೋಡೆಯ ಪರದೆಯ ಮುಂದೆ ಕುರ್ಚಿ ಹಾಕಿಕೊಂಡು ನೋಡುವುದು, ಅವನು ಸ್ಟೂಲಿನ ಮೇಲೆ ಕೂತು ಆಡುವುದು, ಪರದೆಯ ಮೇಲೆ ಕಂಡದ್ದನ್ನು ಟೈಪಿಸ್ಟ್ ಒಬ್ಬಳು ನಮೂನೆಯಲ್ಲಿ ತುಂಬುವುದು. ಕಾಣದ್ದರ ಎದುರು ‘ಕಂಡುಬಂದಿಲ್ಲ’ ಎಂದು ಬರೆಯುವುದು. ದೇವರ ವಿಷಯದಲ್ಲೂ ಇದಕ್ಕಿಂತ ಎಚ್ಚರಿಕೆಯ ಮಾತನ್ನು ಯಾರೂ ಆಡಿಲ್ಲ.

ಎಲ್ಲರೂ ಅವನನ್ನು ಕರೆಯುತ್ತಿದ್ದದ್ದು ಡ್ರೈವರ್ ಎಂದೇ. ಇಪ್ಪತ್ತೆರಡು ವರ್ಷ ಆಂಬುಲೆನ್ಸ್ ಓಡಿಸಿದವನು. ಬೆನ್ನು ಕೈಕೊಟ್ಟ ಮೇಲೆ ಈ ಕಚೇರಿಯ ಕಾರಿಗೆ ಬಂದ. ಆ ಕಾರನ್ನು ಹರಾಜು ಹಾಕಿದರು. ಕಾರಿನ ಜೊತೆ ಡ್ರೈವರನ್ನೂ ಹರಾಜು ಹಾಕಲು ನಿಯಮವಿರಲಿಲ್ಲ. ಅದೇ ಹೊತ್ತಿಗೆ, ಆಟ ಆಡಲೆಂದು ಇಟ್ಟುಕೊಂಡಿದ್ದ ಕಾಲೇಜು ಹುಡುಗಿ ಆಡಿ ಆಡಿ ಬೇಸರವಾಗಿ ಕೆಲಸ ಬಿಟ್ಟಳು. ‘ಮುಕ್ಕಾಲುಪಾಲು ಕಾರಿನ ಆಟಗಳೇ ತಾನೆ, ಡ್ರೈವರ್ ಆಡ್ಲಿ ಬಿಡಿ’ ಎಂದು ವಕೀಲರು ತಮಾಷೆಗೆ ಅಂದದ್ದು ಮರುದಿನ ಆದೇಶವಾಗಿ ಬಂತು. ವರ್ಷ ವರ್ಷಕ್ಕೆ ಹೊಸ ಕರಾರು.

ಕಳೆದ ಮೂರು ತಿಂಗಳಿಂದ ಅವನ ಬಲಗೈ ಹೆಬ್ಬೆರಳು ನಡುಗತೊಡಗಿತ್ತು. ಅದು ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಆ ದಿನ ಬೆಳಿಗ್ಗೆ ಅವಳು ಟೀ ತಂದಿಟ್ಟಾಗ ಲೋಟ ನೋಡಿ ಕೇಳಿದ:

‘ಏನಿದು ಅರ್ಧ ಲೋಟ? ಅರ್ಧ ಸಂಬಳ ತರ್ತೀನಾ ನಾನು?’

‘ಪೂರ್ತಿ ಕೊಟ್ರೆ ಅರ್ಧ ಅಂಗಿ ಕುಡಿಯುತ್ತೆ. ಒಗೆಯೋಳು ನಾನು.’ ಅವಳು ಅವನ ತೋಳಿನ ಗುಂಡಿ ಹಾಕುತ್ತಾ ನಿಂತಳು. ‘ಆಫೀಸಲ್ಲಿ ಹೇಳಿದ್ರಾ?’

‘ಏನಂತ ಹೇಳ್ಲಿ? ಇರೋದೇ ಆಟ ಆಡೋ ಕೆಲಸ, ಅದೂ ಕೈಲಾಗಲ್ಲ ಅಂತಾನಾ? ಮುಂದಿನ ತಿಂಗಳು ಕರಾರು ಆಗ್ಲಿ. ಆಮೇಲೆ ನೋಡೋಣ.’

‘ಆಮೇಲೆ ಅನ್ನೋದು ನಿಮ್ಮ ಮನೆದೇವರು’ ಎಂದಳು ಅವಳು.

ಅಂದು ಬಂದದ್ದು ಬೀದಿ ರೇಸಿನ ಆಟ. ಮುಸ್ಸಂಜೆಯ ಒಂದು ಊರು. ಅಂಗಡಿಗಳು ದೀಪ ಹಚ್ಚಿವೆ, ಫುಟ್‌ಪಾತಿನ ಮೇಲೆ ಜನ ಕೆಲಸ ಮುಗಿಸಿ ಮನೆಗೆ ಹೊರಟಿದ್ದಾರೆ. ಆ ಜನರ ನಡುವೆಯೇ ಐದು ಕಾರುಗಳು ಜಿದ್ದಿಗೆ ಬಿದ್ದು ಓಡಬೇಕು. ಡ್ರೈವರ್ ಎರಡು ಗಂಟೆ ಓಡಿಸಿದ. ಕೆಂಪು ದೀಪ ದಾಟಿದ, ಎದುರು ದಿಕ್ಕಿನಲ್ಲಿ ನುಗ್ಗಿದ, ಸಂದಿಯಲ್ಲಿ ತೂರಿದ, ಒಂಬತ್ತು ರೇಸು ಗೆದ್ದ. ಒಂದು ಕಸದ ಡಬ್ಬಿಯನ್ನೂ ಸೋಕಿಸಲಿಲ್ಲ. ಆಂಬುಲೆನ್ಸ್ ಓಡಿಸಿದವನಿಗೆ ಬೀದಿ ಎಂದರೆ ಮೊದಲು ಕಾಣುವುದು ರಸ್ತೆಯಲ್ಲ, ರಸ್ತೆಗೆ ಕಾಲಿಡಲು ಯೋಚಿಸುತ್ತಿರುವವರು.

‘ನಿಮ್ಮ ಕಾರಲ್ಲಿ ನಾನು ಕಣ್ಮುಚ್ಚಿ ಕೂರ್ತೀನಪ್ಪ’ ಎಂದರು ಹೆಡ್‌ಮಿಸ್ಸು. ‘ಆದ್ರೂ ಯಾರಿಗಾದ್ರೂ ತಾಗಿದ್ರೆ ಏನಾಗುತ್ತೆ ಇದರಲ್ಲಿ?’

‘ನನ್ನ ಕೈಯಲ್ಲಿ ತಾಗಲ್ಲ ಮೇಡಂ.’

ಆ ಮಾತಿನಲ್ಲಿ ಜಂಬವಿತ್ತು. ಅವನ ಬಳಿ ಉಳಿದಿದ್ದ ಆಸ್ತಿಯೂ ಅದೊಂದೇ. ಟೈಪಿಸ್ಟ್ ಒಂಬತ್ತನೆಯ ಕಲಮಿನ ಎದುರು ‘ದಾರಿಹೋಕರಿಗೆ ಪೆಟ್ಟು: ಕಂಡುಬಂದಿಲ್ಲ’ ಎಂದು ಬರೆದಳು. ಏನಾಗುತ್ತದೆಂದು ಗೊತ್ತಾಗದಿದ್ದಾಗ ಎಚ್ಚರಿಕೆಗೆ ಹನ್ನೆರಡು ವರ್ಷ ಹಾಕುವುದು ಪದ್ಧತಿ. ಹೆಡ್‌ಮಿಸ್ಸು ಪೆನ್ಸಿಲಿನಲ್ಲಿ ಹನ್ನೆರಡು ಎಂದು ಗುರುತು ಹಾಕಿದರು. ಊಟ ಮುಗಿಸಿ ಬಂದು ಸಹಿ ಮಾಡಿದರಾಯಿತು.

ಅವರು ಊಟಕ್ಕೆ ಹೋದ ಮೇಲೆ ಡ್ರೈವರ್ ಒಬ್ಬನೇ ಉಳಿದ. ಕೊನೆಯ ರೇಸಿನಲ್ಲಿ ಹೆಬ್ಬೆರಳು ಒಮ್ಮೆ ಎಳೆದಂತಾಗಿತ್ತು. ಅದನ್ನು ಪಳಗಿಸಿಕೊಳ್ಳೋಣವೆಂದು ಮತ್ತೆ ಆಟ ಶುರುಮಾಡಿದ. ಮೂರನೆಯ ತಿರುವಿನಲ್ಲಿ ಕೈ ನಡುಗಿತು. ಕಾರು ಫುಟ್‌ಪಾತು ಹತ್ತಿತು. ಸಾಮಾನಿನ ಚೀಲ ಹಿಡಿದು ನಡೆಯುತ್ತಿದ್ದ ಹೆಂಗಸೊಬ್ಬಳು ಧಡ್ ಎಂದು ಅಂಗಡಿಯ ಬಾಗಿಲಿಗೆ ಬಿದ್ದಳು.

ಅವನು ಕಂಟ್ರೋಲರ್ ಕೆಳಗಿಟ್ಟ. ತಾನಾಗಿಯೇ ಎಣಿಸತೊಡಗಿದ. ಆಂಬುಲೆನ್ಸಿನಲ್ಲಿ ಬಿದ್ದಿದ್ದ ಅಭ್ಯಾಸ ಅದು, ಬಿದ್ದವರು ಎಷ್ಟು ಹೊತ್ತಿಗೆ ಅಲುಗಿದರು ಎಂದು ಡಾಕ್ಟರು ಕೇಳುತ್ತಿದ್ದರು. ಒಂದು. ಎರಡು. ಹೆಂಗಸು ಎದ್ದಳು. ಸೀರೆ ಕೊಡವಿಕೊಂಡಳು. ಚೀಲವೂ ತಾನೇ ನೆಗೆದು ಅವಳ ಕೈ ಸೇರಿತು. ಹಿಂದೆ ತಿರುಗಿಯೂ ನೋಡದೆ ನಡೆದುಹೋದಳು.

ಅವನಿಗೆ ಬಿದ್ದವರಿಗಿಂತ ಎದ್ದವರ ಭಯವೇ ಹೆಚ್ಚು. ಆಂಬುಲೆನ್ಸಿನ ಕಾಲದಲ್ಲಿ ಒಮ್ಮೆ ಹೀಗೆಯೇ ಒಬ್ಬಳು ರಸ್ತೆಯಲ್ಲಿ ಎದ್ದು ಕೂತಿದ್ದಳು. ‘ನನಗೇನೂ ಆಗಿಲ್ಲ, ಮನೆಗೆ ಹೋಗ್ತೀನಿ’ ಎಂದಿದ್ದಳು. ಒಂದು ಚಪ್ಪಲಿ ಸಿಗುತ್ತಿಲ್ಲವೆಂದು ಬೇಜಾರು ಮಾಡಿಕೊಂಡಿದ್ದಳು. ಡಿಕ್ಕಿ ಹೊಡೆದ ಬೈಕಿನ ಹುಡುಗರು ಅವಳು ಎದ್ದದ್ದು ನೋಡಿ, ನಿರಾಳವಾಗಿ, ಹೊರಟುಹೋಗಿದ್ದರು. ಎರಡನೆಯ ಸಿಗ್ನಲ್ ದಾಟುವುದರೊಳಗೆ ಆಂಬುಲೆನ್ಸಿನ ಹಿಂದುಗಡೆ ಮಾತು ನಿಂತಿತ್ತು. ಆ ಚಪ್ಪಲಿಯನ್ನು ಆಮೇಲೆ ಹುಡುಕಿ ಆಸ್ಪತ್ರೆಗೆ ಕೊಟ್ಟು ಬಂದವನು ಅವನೇ.

ಊಟ ಮುಗಿಸಿ ಬಂದ ಹೆಡ್‌ಮಿಸ್ಸು ಪೆನ್ನು ತೆಗೆದರು.

‘ಮೇಡಂ, ಹನ್ನೆರಡು ಬೇಡ. ಹದಿನಾರು ಹಾಕಿ’ ಎಂದ ಡ್ರೈವರ್.

ವಕೀಲರು ಹಲ್ಲುಕಡ್ಡಿಯನ್ನು ಬಾಯಿಂದ ತೆಗೆದರು. ಆರು ವರ್ಷದಲ್ಲಿ ಅವನು ಒಂದು ಅಭಿಪ್ರಾಯವನ್ನೂ ಹೇಳಿದವನಲ್ಲ. ‘ಯಾಕ್ರೀ? ಏನು ಕಂಡ್ರಿ?’

‘ಜನಕ್ಕೆ ಡಿಕ್ಕಿ ಆಗುತ್ತೆ ಸಾರ್. ಬೀಳ್ತಾರೆ.’

‘ಬೆಳಿಗ್ಗೆ ತಾಗಲ್ಲ ಅಂದ್ರಲ್ಲ. ಸರಿ, ತೋರಿಸಿ. ಕಾಣದೆ ಬರೆಯೋಕಾಗಲ್ಲ.’

ಅವನು ಸ್ಟೂಲಿನ ಮೇಲೆ ಕೂತ. ಫುಟ್‌ಪಾತಿಗೆ ನೇರವಾಗಿ ಕಾರು ಬಿಟ್ಟ. ಬೇಕೆಂದೇ ಗುದ್ದಬೇಕು, ಅಷ್ಟೆ. ದಾರಿಹೋಕನೊಬ್ಬ ಎದುರಾದ. ಹೆಬ್ಬೆರಳು ತಾನೇ ಸರಿಯಿತು. ಕಾರು ಕೂದಲೆಳೆಯ ಅಂತರದಲ್ಲಿ ಪಕ್ಕಕ್ಕೆ ಹೋಯಿತು. ಎರಡನೆಯ ಸಲವೂ ಹಾಗೆಯೇ. ಮೂರನೆಯ ಸಲ ಅವನು ಕಣ್ಣು ಮುಚ್ಚಿಕೊಂಡ. ಬ್ರೇಕು ಬಿತ್ತು. ಇಪ್ಪತ್ತೆರಡು ವರ್ಷದಲ್ಲಿ ಕಲಿತದ್ದು ಕೈ. ಅದಕ್ಕೆ ಸಮಿತಿಯ ಅಗತ್ಯ ತಿಳಿಯದು.

‘ಕೊಲ್ಲೋಕೂ ಕೈ ಬರಬೇಕು ಕಣ್ರೀ’ ಎಂದು ವಕೀಲರು ನಕ್ಕರು. ‘ನಾವು ಊಟಕ್ಕೆ ಹೋದಾಗ ಹೇಗೆ ಗುದ್ದಿದ್ರಿ ಮತ್ತೆ?’

ಡ್ರೈವರ್ ಟೈಪಿಸ್ಟ್ ಕಡೆ ನೋಡಿದ. ಅವಳು ಬೆರಳನ್ನು ಕೀಲಿಗಳ ಮೇಲೆ ಎತ್ತಿ ಹಿಡಿದಿದ್ದಳು.

‘ಕೈ ನಡುಗಿತು ಸಾರ್. ಮೂರು ತಿಂಗಳಾಯ್ತು, ನಡುಗ್ತಾ ಇದೆ.’

ವಕೀಲರು ಹಲ್ಲುಕಡ್ಡಿಯನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗಿಟ್ಟರು, ಅದು ಯಾವುದೋ ದಾಖಲೆ ಎಂಬಂತೆ.

‘ನೀವು ಆಡಿ ನೋಡಿ ಮೇಡಂ’ ಎಂದ ಡ್ರೈವರ್. ‘ಮಕ್ಕಳು ನನ್ನ ಹಾಗೆ ಆಡಲ್ಲ. ನಿಮ್ಮ ಹಾಗೆ ಆಡ್ತಾರೆ.’

‘ಆ ರಿಮೋಟ್ ಕೊಡಿ ಇಲ್ಲಿ’ ಎಂದು ಹೆಡ್‌ಮಿಸ್ಸು ಕನ್ನಡಕ ಏರಿಸಿಕೊಂಡರು. ಕಾರು ಹೊರಟಿತು, ಕಂಬಕ್ಕೆ ಉಜ್ಜಿತು, ಹಿಂದಕ್ಕೆ ಬಂತು, ಮತ್ತೆ ನುಗ್ಗಿತು. ಅರ್ಧ ನಿಮಿಷವೂ ಆಗಿರಲಿಲ್ಲ. ಕೋಲು ಹಿಡಿದ ಮುದುಕನೊಬ್ಬ ಧಡ್ ಎಂದು ಬಿದ್ದ.

‘ಅಯ್ಯಯ್ಯೋ’ ಎಂದರು ಹೆಡ್‌ಮಿಸ್ಸು. ಮುಖದ ರಕ್ತವೆಲ್ಲ ಇಳಿದುಹೋಗಿತ್ತು. ಡ್ರೈವರ್ ಅದನ್ನು ಕಂಡ. ಹದಿನಾರು ಬಂತು ಎಂದುಕೊಂಡ.

ಎರಡು ಎಣಿಸುವಷ್ಟರಲ್ಲಿ ಮುದುಕ ಎದ್ದ. ಕೋಲು ಕೈಗೆ ಬಂತು. ಮೈ ಕೊಡವಿಕೊಂಡು ಹೊರಟ.

‘ಎದ್ದ ನೋಡಿ’ ಎಂದರು ಅವರು. ಎದೆಯ ಮೇಲೆ ಕೈಯಿಟ್ಟು ನಗತೊಡಗಿದರು. ‘ಥೂ, ನನ್ನ ಜೀವಾನೇ ಬಾಯಿಗೆ ಬಂದಿತ್ತು. ಏನೂ ಆಗಿಲ್ಲ ಅವನಿಗೆ.’

ವಕೀಲರು ನಿಯಮದ ಪುಸ್ತಕ ತಿರುವಿದರು. ‘ಒಂಬತ್ತನೇ ಕಲಮು. ನೋವು, ರಕ್ತ, ಸಾವು ಕಂಡರೆ ಹದಿನಾರು. ಏನಾಗುತ್ತದೆಂದು ಕಂಡುಬರದಿದ್ದರೆ ಹನ್ನೆರಡು. ಪೆಟ್ಟು ಬಿದ್ದವರು ಕೂಡಲೇ ಪೂರ್ತಿ ಚೇತರಿಸಿಕೊಂಡರೆ...’ ಅವರು ಕನ್ನಡಕದ ಮೇಲಿಂದ ಡ್ರೈವರನ್ನು ನೋಡಿದರು. ‘ಎಂಟು. ಒಳ್ಳೇದೇ ಆಯ್ತು ನೀವು ಹೇಳಿದ್ದು. ಇಲ್ಲಾಂದ್ರೆ ಸುಮ್ಮನೆ ಹನ್ನೆರಡು ಹಾಕಿಬಿಡ್ತಿದ್ವಿ.’

‘ಸಾರ್, ಏಳೋದೇ ತಪ್ಪು ಅಂತ ನಾನು ಹೇಳ್ತಿರೋದು.’ ಅವನು ಚಪ್ಪಲಿಯ ಹೆಂಗಸಿನ ವಿಷಯ ಹೇಳಿದ. ಕತೆ ಹೇಳುವುದು ಅವನಿಗೆ ಬರುತ್ತಿರಲಿಲ್ಲ. ಮೊದಲು ಸತ್ತದ್ದು ಹೇಳಿ, ಆಮೇಲೆ ಎದ್ದದ್ದು ಹೇಳಿ, ಕೊನೆಗೆ ಚಪ್ಪಲಿಗೆ ಬಂದ. ‘ಎದ್ದು ಬಿಡ್ತಾರೆ ಅಂತ ಎಂಟು ವರ್ಷಕ್ಕೇ ಗೊತ್ತಾಗಿಬಿಟ್ರೆ, ಆಮೇಲೆ ಯಾರು ನಿಂತು ನೋಡ್ತಾರೆ ಸಾರ್?’

ಹೆಡ್‌ಮಿಸ್ಸು ನಗು ನಿಲ್ಲಿಸಿದರು. ‘ಪಾಪ’ ಎಂದರು. ಅವರು ನಿಜವಾಗಿಯೂ ನೊಂದುಕೊಂಡಿದ್ದರು, ಒಂದು ಕ್ಷಣ.

‘ನೀವು ಹೇಳೋದು ಸರಿ ಇರಬಹುದು’ ಎಂದರು ವಕೀಲರು. ‘ಅದನ್ನ ಬರೆಯೋಕೆ ನಮೂನೇಲಿ ಜಾಗ ಬೇಕಲ್ಲ?’

ಟೈಪಿಸ್ಟ್ ಹುಡುಕಿದಳು. ಜಾಗವಿರಲಿಲ್ಲ. ಪೆನ್ಸಿಲಿನ ಹನ್ನೆರಡನ್ನು ರಬ್ಬರಿನಿಂದ ಅಳಿಸಿ ಎಂಟು ಹಾಕಲಾಯಿತು. ಹೆಡ್‌ಮಿಸ್ಸು ಸಹಿ ಮಾಡಲು ಕಂಟ್ರೋಲರನ್ನು ಮಡಿಲಲ್ಲಿಟ್ಟುಕೊಂಡರು, ಸಹಿ ಮಾಡಿ ಮತ್ತೆ ಎತ್ತಿಕೊಂಡರು.

‘ಡ್ರೈವರ್ರೇ, ಇದು ಇಷ್ಟು ಸುಲಭ ಅಂತ ಇಷ್ಟು ವರ್ಷ ಹೇಳಲೇ ಇಲ್ಲ ನೀವು.’

‘ಕೈಗೆ ತೋರಿಸಿಕೊಳ್ಳಿ ಮೊದಲು’ ಎಂದರು ವಕೀಲರು, ಮೆತ್ತಗೆ. ‘ಮುಂದಿನ ತಿಂಗಳಿಂದ ಇಲ್ಲಿ ನಾವೇ ಹೇಗೋ ಮಾಡ್ಕೋತೀವಿ. ಆರೋಗ್ಯ ಮುಖ್ಯ.’

ಅವನು ಹೊರಗಿನ ಮೇಜಿನ ಮೇಲಿದ್ದ ಹಾಜರಿ ಪುಸ್ತಕಕ್ಕೆ ಬಗ್ಗಿದ. ಮುಚ್ಚಿಡಬೇಕಾದ್ದು ಏನೂ ಉಳಿದಿರಲಿಲ್ಲವಾದ್ದರಿಂದ ಕೈ ಮನಸಾರೆ ನಡುಗಿತು. ಸಹಿ ಬೇರೆ ಯಾರದೋ ಎಂಬಂತೆ ಬಂತು. ಅರ್ಧ ಲೋಟ ಟೀಗೆ ಇನ್ನು ಅವನು ತಕರಾರು ಮಾಡುವಂತಿರಲಿಲ್ಲ. ಮನೆಯಲ್ಲಿ ಹೇಗೆ ಹೇಳುವುದೆಂದು ಯೋಚಿಸುತ್ತಾ ಮೆಟ್ಟಿಲಿನ ಕಂಬಿ ಹಿಡಿದ.

ಬಾಗಿಲ ಹಿಂದಿನಿಂದ ಧಡ್ ಎಂಬ ಸದ್ದು ಕೇಳಿಸಿತು.

ಒಂದು, ಎರಡು. ಒಳಗೆ ಹೆಡ್‌ಮಿಸ್ಸು ನಕ್ಕರು. ಮೂರು ಎಂದುಕೊಂಡು ಅವನು ಒಂದು ಮೆಟ್ಟಿಲು ಇಳಿದ, ನಾಲ್ಕಕ್ಕೆ ಇನ್ನೊಂದು. ಕೆಳಗಿನ ಬಾಗಿಲು ತಲುಪಿದಾಗ ಇಪ್ಪತ್ತಾರಾಗಿತ್ತು. ಇನ್ನೂ ಎಣಿಸುತ್ತಲೇ ಇದ್ದ.