ಎರಡನೇ ಲಿಫ್ಟಿನ ಹದಿನಾಲ್ಕು ಗಾಡಿಗಳು

ಗಣಿತದ ಟೀಚರ್ ಮೊದಲೆರಡು ಸಲ ಬಂದಾಗ ನಿಂತೇ ದೂರು ಹೇಳಿ, ಗಾಡಿ ರಿಪೇರಿ ಮಾಡಿಸಿಕೊಂಡು ಹೋಗಿದ್ದರು. ಮೂರನೇ ಸಲ ಕುರ್ಚಿ ಎಳೆದುಕೊಂಡು ಕೂತರು. ಕೈಯಲ್ಲಿ ಕಾರಿನ ಕೀಲಿ, ಕಂಕುಳಲ್ಲಿ ನೂರು ಪುಟದ ನೋಟ್‌ಬುಕ್ಕು. ಕುರ್ಚಿ ಎಳೆದ ರೀತಿ ನೋಡಿಯೇ ದೂರಿನ ಮೇಡಂಗೆ ಗೊತ್ತಾಯಿತು, ಇವರು ಇವತ್ತು ಸುಲಭಕ್ಕೆ ಏಳುವವರಲ್ಲ.

ದೂರಿನ ಮೇಡಂ ಎಂದರೆ ಆ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕೂತು ಗಿರಾಕಿಗಳ ದೂರು ಬರೆದುಕೊಳ್ಳುವಾಕೆ. ಗಾಜಿನ ಗೋಡೆಯಾಚೆ, ಶೆಡ್ಡಿನಲ್ಲಿ, ಎರಡನೇ ಲಿಫ್ಟಿನ ಕೆಳಗೆ ಕತ್ತೆತ್ತಿ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್ಕನನ್ನು ಎಲ್ಲರೂ ಮೇಸ್ತ್ರಿ ಅನ್ನುತ್ತಿದ್ದರು. ಇಬ್ಬರೂ ಗಂಡ ಹೆಂಡತಿ. ಗೇಟಿನೊಳಗೆ ಅವನು ಅವಳಿಗೆ ‘ಮೇಡಂ’, ಅವಳು ಅವನಿಗೆ ‘ಮೇಸ್ತ್ರಿ’. ಸಂಜೆ ಗೇಟು ದಾಟಿ ಸ್ಕೂಟರ್ ಹತ್ತಿದ ಮೇಲಷ್ಟೇ ‘ಏನೇ’, ‘ಏನ್ರೀ’. ಹನ್ನೊಂದು ವರ್ಷದಿಂದ ಈ ಕಟ್ಟು ಒಮ್ಮೆಯೂ ತಪ್ಪಿರಲಿಲ್ಲ.

“ಬರ್ಕೊಳ್ಳಮ್ಮ,” ಎಂದು ಟೀಚರ್ ನೋಟ್‌ಬುಕ್ಕು ಬಿಡಿಸಿದರು. “ಸೋಮವಾರ ಹಂಪ್ ನಾಲ್ಕು, ಸದ್ದು ನಾಲ್ಕು. ಬುಧವಾರ ಹಂಪ್ ನಾಲ್ಕು, ಸದ್ದು ಐದು.”

“ಐದನೇದು ಎಲ್ಲಿಂದ ಬಂತು ಟೀಚರ್?”

“ನಮ್ಮನೆ ಗೇಟಿನೊಳಗೆ ತಿರುಗಿಸುವಾಗ. ಅದಕ್ಕೆ ಬೇರೆ ಕಾಲಂ ಹಾಕಿದೀನಿ, ನೋಡು.”

ಕಾಲಂ ಹಾಕಿದ್ದರು, ಸ್ಕೇಲ್ ಇಟ್ಟು. ಗಾಡಿ ಬ್ಯಾಟರಿಯ ಎಸ್‌ಯುವಿ, ಕೊಂಡು ಒಂದೂವರೆ ವರ್ಷ. ಟೀಚರ್ ಅದನ್ನು ಕೊಂಡದ್ದು ಅಮ್ಮನಿಗಾಗಿ. ಎಂಬತ್ತೆಂಟರ ಅಮ್ಮ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದರು. ವಾರಕ್ಕೆ ಮೂರು ದಿನ ವ್ಯಾಯಾಮ ಮಾಡಿಸಲು ಆಸ್ಪತ್ರೆಗೆ ಕರೆದೊಯ್ಯಬೇಕು. ಸದ್ದಿಲ್ಲದ ಗಾಡಿ, ಮೆತ್ತಗೆ ಹೋಗುತ್ತದೆ ಅಂತ ಎಲ್ಲರೂ ಹೇಳಿದ್ದರು.

“ಇಂಜಿನ್ ಸದ್ದಿದ್ರೆ ಇದೂ ಅದರಲ್ಲಿ ಮುಳುಗಿ ಹೋಗ್ತಿತ್ತೇನೋ. ಈಗ ಬರೀ ಇದೇ ಕೇಳುತ್ತೆ. ಹಂಪ್ ಮೇಲೆ ಧಡ್ ಅಂದಾಗಲೆಲ್ಲ ಅಮ್ಮನಿಗೆ ಜೀವ ಹೋಗಿ ಬರುತ್ತೆ. ‘ಯಾರೋ ಕೆಳಗಡೆಯಿಂದ ಬಾಗಿಲು ಬಡೀತಿದಾರೆ, ತೆಗೀಬಾರದೇನೇ’ ಅಂತಾರೆ. ನಾನು ಏನು ತೆಗೀಲಿ, ಹೇಳು?”

ದೂರು ಹೊಸದಲ್ಲ. ಮುಂದಿನ ಚಕ್ರವನ್ನು ಗಾಡಿಯ ಮೈಗೆ ಸೇರಿಸುವ ಕಬ್ಬಿಣದ ತೋಳೊಂದಿರುತ್ತದೆ. ಅದರ ಬುಡದಲ್ಲಿ ಮುಷ್ಟಿ ಗಾತ್ರದ ರಬ್ಬರಿನ ಬುಷ್, ಬುಷ್ಷಿನ ನಡುವೆ ಬೋಲ್ಟು. ಕಂಪನಿ ಮೊದಲು ಹಾಕಿ ಕಳಿಸಿದ ಬುಷ್ ಈ ಗಾಡಿಯ ತೂಕಕ್ಕೆ ಮೆತ್ತಗಾಯಿತು. ಅದನ್ನು ಕಂಪನಿಯೇ ಒಪ್ಪಿಕೊಂಡು ಗಟ್ಟಿ ಬುಷ್ ಕಳಿಸಿತ್ತು. ಈ ಸೆಂಟರಿನಲ್ಲಿ ಹತ್ತೊಂಬತ್ತು ಗಾಡಿಗಳಿಗೆ ಗಟ್ಟಿ ಬುಷ್ ಹಾಕಿದ್ದಾಗಿತ್ತು. ಮೂರು ತಿಂಗಳು ಕಳೆಯುವುದರಲ್ಲಿ ಹೆಚ್ಚಿನವಕ್ಕೆ ಮತ್ತೆ ಅದೇ ಧಡ್, ಮತ್ತೆ ಅದೇ ಮುಖಗಳು ಕೌಂಟರಿನಲ್ಲಿ.

ಟೀಚರ ಗಾಡಿಯನ್ನು ಎರಡನೇ ಲಿಫ್ಟಿಗೆ ಕಳಿಸಿ ಬರುವಷ್ಟರಲ್ಲಿ ಮ್ಯಾನೇಜರ್ ಸಾಹೇಬರು ಕಾಗದವೊಂದನ್ನು ಹಿಡಿದು ಬಂದರು. ಬೆಳಿಗ್ಗೆಯಿಂದ ಕಾಲು ಸುಟ್ಟ ಬೆಕ್ಕಿನ ಹಾಗೆ ಓಡಾಡುತ್ತಿದ್ದರು.

“ಐದು ಗಂಟೆಯೊಳಗೆ ಕಂಪನಿಗೆ ಪಟ್ಟಿ ಹೋಗ್ಬೇಕು. ಗಟ್ಟಿ ಬುಷ್ ಹಾಕಿದ ಹತ್ತೊಂಬತ್ತು ಗಾಡಿಗೂ, ವಾಪಸ್ ಬಂದಿರಲಿ ಬರದಿರಲಿ, ಒಂದೇ ಕಾರಣ ಹಾಕಿ. ಕೋಡ್ ಇಪ್ಪತ್ತೇಳು, ಕೆಟ್ಟ ರಸ್ತೆ.”

“ಹಾಗೆ ಹಾಕಿದ್ರೆ ಸಾರ್?”

“ಹಾಕಿದ್ರೆ ಆ ಭಾಗಕ್ಕೆ ಇನ್ನು ವಾರಂಟಿ ಇಲ್ಲ ಅಂತ ಕಂಪನಿಯೋರು ಬಾಗಿಲು ಮುಚ್ತಾರೆ. ಗಿರಾಕಿಗಳ ಬಾಯೂ ಮುಚ್ಚುತ್ತೆ, ನಮ್ಮ ತಲೆನೋವೂ ಹೋಗುತ್ತೆ.” ಅವರು ಗಾಜಿನತ್ತ ಕಣ್ಣು ಹಾಯಿಸಿ ದನಿ ತಗ್ಗಿಸಿದರು. “ಮುಂದಿನ ತಿಂಗಳು ಮೇಸ್ತ್ರಿ ಇಡೀ ಶೆಡ್ಡಿಗೆ ಮುಖ್ಯಸ್ಥ ಆಗೋದಿದೆ. ನಿಮಗೆ ಬಿಡಿಸಿ ಹೇಳ್ಬೇಕಾ? ಪಟ್ಟಿ ಚೊಕ್ಕವಾಗಿರಲಿ.”

ಅವರು ಅತ್ತ ಹೋಗುತ್ತಲೇ ಟೀಚರ್ ಕನ್ನಡಕ ಏರಿಸಿಕೊಂಡರು. ಮಾತು ಅವರ ಕಿವಿಗೂ ಬಿದ್ದಿತ್ತು.

“ರಸ್ತೆ ಅಂತಾ? ನಮ್ಮ ಬೀದಿಯಲ್ಲೇ ಹಲ್ಲಿನ ಡಾಕ್ಟರ ಹತ್ರ ಇದೇ ಗಾಡಿ ಇದೆ. ಇದೇ ರಿಪೇರಿ, ಇಲ್ಲೇ ಮಾಡಿಸಿದ್ದು. ದಿನಾ ಅದೇ ನಾಲ್ಕು ಹಂಪ್ ಹತ್ತಿ ಇಳಿತಾರೆ. ಆರು ತಿಂಗಳಾಯ್ತು, ಕಿಂಚಿತ್ತೂ ಸದ್ದಿಲ್ಲ. ಗಾಡಿ ಒಂದೇ, ಬುಷ್ ಒಂದೇ, ರಸ್ತೆ ಒಂದೇ. ಉತ್ತರ ಮಾತ್ರ ಬೇರೆ. ಹಾಗಿದ್ರೆ ಲೆಕ್ಕದಲ್ಲಿ ಬದಲಾಗಿರೋದು ಯಾವುದಮ್ಮ? ಅದನ್ನ ಹುಡುಕು.”

ತರಗತಿಯಲ್ಲಿ ಎಬ್ಬಿಸಿ ನಿಲ್ಲಿಸಿದಂತಾಯಿತು. ದೂರಿನ ಮೇಡಂ ಆ ಗಾಡಿಗಳ ಕೆಲಸ ಬರೆದಿಟ್ಟ ಹತ್ತೊಂಬತ್ತು ಜಾಬ್ ಕಾರ್ಡುಗಳನ್ನೂ ಮೇಜಿನ ಮೇಲೆ ಹರಡಿಕೊಂಡಳು. ತಿರುಗಿ ಬಂದ ಗಾಡಿಗಳನ್ನು ಎಡಕ್ಕೆ, ಬಾರದವನ್ನು ಬಲಕ್ಕೆ ಇಟ್ಟಳು. ಎಡಕ್ಕೆ ಹದಿನಾಲ್ಕು, ಬಲಕ್ಕೆ ಐದು. ಮೆಕ್ಯಾನಿಕ್ ಹೆಸರು ಹತ್ತೊಂಬತ್ತರಲ್ಲೂ ಒಂದೇ, ಮೇಸ್ತ್ರಿಯದು. ಬುಷ್ಷಿನ ಪೆಟ್ಟಿಗೆ ನಂಬರೂ ಒಂದೇ. ಆಮೇಲೆ ತಾರೀಕು ನೋಡಿದಳು. ಬಲಗಡೆಯ ಐದೂ ಒಂದೇ ವಾರದ್ದು.

ಆ ವಾರ ಅವಳಿಗೆ ಚೆನ್ನಾಗಿ ನೆನಪಿತ್ತು. ಎರಡನೇ ಲಿಫ್ಟಿನ ಸೀಲ್ ಒಡೆದು ಎಣ್ಣೆ ಸೋರಿ, ಲಿಫ್ಟು ಆರು ದಿನ ಕೆಟ್ಟು ನಿಂತಿತ್ತು. ಮೇಸ್ತ್ರಿ ಆ ಐದು ಗಾಡಿಗಳನ್ನು ಚಕ್ರಗಳ ನೇರ ನೋಡುವ, ಮೂಲೆಯ ಅಲೈನ್‌ಮೆಂಟ್ ರ್ಯಾಂಪಿನ ಮೇಲೆ ಮಾಡಿ ಮುಗಿಸಿ, ಮನೆಗೆ ಬಂದು ಬೆನ್ನು ನೋವು ಅಂತ ನರಳಿದ್ದ. ಲಿಫ್ಟಿನ ಮೇಲೆ ಗಾಡಿಯ ಚಕ್ರಗಳು ಗಾಳಿಯಲ್ಲಿ ಜೋತಾಡುತ್ತವೆ. ರ್ಯಾಂಪಿನ ಮೇಲೆ ಗಾಡಿ ತನ್ನ ಚಕ್ರಗಳ ಮೇಲೇ ನಿಂತಿರುತ್ತದೆ. ಅದರಿಂದ ಏನಾಗುತ್ತದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದವನು ಗಾಜಿನಾಚೆ ಇದ್ದ.

ಗಡಿಯಾರದಲ್ಲಿ ಹನ್ನೆರಡೂಕಾಲು. ಅವಳು ಶೆಡ್ಡಿಗೆ ಹೋದಳು.

ಮೇಸ್ತ್ರಿ ಟೀಚರ ಗಾಡಿಯಡಿ ನಿಂತು ಹಳೆ ಬುಷ್ ಕಳಚುತ್ತಿದ್ದ. ಮೂರು ತಿಂಗಳ ಹಿಂದೆ ತಾನೇ ಹಾಕಿದ್ದು. ರಬ್ಬರು ಒಂದು ಪಕ್ಕಕ್ಕೆ ತಿರುಚಿಕೊಂಡು ಹರಿದಿತ್ತು.

“ಮೇಸ್ತ್ರಿ, ಒಂದು ವಿಷಯ. ಲಿಫ್ಟ್ ಕೆಟ್ಟಿದ್ದ ವಾರ ಮಾಡಿದ ಐದು ಗಾಡಿ ಒಂದೂ ವಾಪಸ್ ಬಂದಿಲ್ಲ. ಇಲ್ಲಿ ಮಾಡಿದ ಹದಿನಾಲ್ಕೂ ಬಂದಿವೆ. ಯಾಕೆ?”

ಅವನ ಕೈಯಲ್ಲಿದ್ದ ಸ್ಪ್ಯಾನರ್ ಅಲ್ಲೇ ನಿಂತಿತು.

“ಯಾರು ಕೇಳಿದ್ದು? ಸಾಹೇಬರಾ?”

“ನಾನು.”

“ಇಪ್ಪತ್ತೆರಡು ವರ್ಷದಿಂದ ಗಾಡಿ ಬಿಚ್ತಿದೀನಿ. ಇನ್ನು ಕೌಂಟರಿನಿಂದ ಬಂದು ಪಾಠ ಹೇಳೋದೊಂದು ಬಾಕಿ ಇತ್ತು.”

“ಪಾಠ ಹೇಳಿಲ್ಲ. ಕೇಳ್ದೆ ಅಷ್ಟೇ.”

“ಕೇಳಿದ್ರಲ್ಲ, ಆಯ್ತಲ್ಲ. ನಿಮಗೆ ಏನು ಬೇಕೋ ಬರ್ಕೊಳ್ಳಿ ಮೇಡಂ.” ಅವನು ಬೆನ್ನು ತಿರುಗಿಸಿದ. ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡವನಲ್ಲ ಅವನು. ಹಾಗೆ ಸಿಡುಕಿದ್ದರಲ್ಲೇ ಅವಳಿಗೆ ಉತ್ತರ ಸಿಕ್ಕಂತಾಯಿತು.

ವಾಪಸ್ ಬಂದು ಕಂಪ್ಯೂಟರ್ ಮುಂದೆ ಕೂತಳು. ಒಂದನೇ ಗಾಡಿ, ಇಪ್ಪತ್ತೇಳು. ಎರಡನೇ ಗಾಡಿ, ಇಪ್ಪತ್ತೇಳು. ಬೆರಳು ಒತ್ತುತ್ತಿತ್ತು, ಮನಸ್ಸು ಒಂದು ಕಡೆ ನಿಲ್ಲುತ್ತಿರಲಿಲ್ಲ. ಮುಖ್ಯಸ್ಥ ಆದರೆ ಇನ್ನು ಕತ್ತೆತ್ತಿ ನಿಲ್ಲಬೇಕಿಲ್ಲ, ಬೆನ್ನಿಗೆ ಪಟ್ಟಿ ಕಟ್ಟಬೇಕಿಲ್ಲ ಅಂತ ಅವನು ಮೊನ್ನೆ ಮಗಳ ಹತ್ತಿರ ಹೇಳಿಕೊಂಡಿದ್ದ. ಆ ಕುರ್ಚಿ ಸಿಗುವ ಮುನ್ನ ಹೆಂಡತಿಯೇ ಅದರ ಕಾಲು ಮುರಿಯುವುದೇ? ಮುರಿಯದಿದ್ದರೆ ಹದಿನಾಲ್ಕು ಮನೆಯವರು ಇದೇ ಧಡ್ ಕೇಳಿಕೊಂಡೇ ಗಾಡಿ ಓಡಿಸಬೇಕು. ಎದುರಿಗೆ ಟೀಚರ್ ಕೂತು ನೋಟ್‌ಬುಕ್ಕಿನ ಹಾಳೆಗೆ ಗೆರೆ ಎಳೆಯುತ್ತಿದ್ದರು, ಮುಂದಿನ ವಾರದ ಹಂಪುಗಳಿಗೆ.

ಎದ್ದು ನೀರು ಕುಡಿದಳು. ಕೂತಳು. ಮತ್ತೆ ಎದ್ದು ಫ್ಯಾನ್ ಜೋರು ಮಾಡಿದಳು.

“ಕೂತ್ಕೊಳ್ಳಮ್ಮ, ನಂಗೇ ತಲೆ ತಿರುಗ್ತಿದೆ,” ಅಂದರು ಟೀಚರ್. “ಕೂಡಿಸೋಕೆ ಬಾರದ ಲೆಕ್ಕವಾ, ಬರೆಯೋಕೆ ಮನಸ್ಸಿಲ್ಲದ ಲೆಕ್ಕವಾ?”

ಅವಳು ಕೂತು ಮುಂದಿನ ಸಾಲಿಗೆ ಹೋದಳು. ಎಂಟನೇ ಸಾಲಿನಲ್ಲಿ ಟೀಚರ ಗಾಡಿ ಇತ್ತು. ನಡುನಡುವೆ ಬಂದ ಗಿರಾಕಿಗಳನ್ನೂ ನೋಡಿಕೊಂಡು ಅಲ್ಲಿಗೆ ಬಂದಾಗ ಮೂರೂಕಾಲು. ಬೆರಳು ಎರಡರ ಮೇಲೆ ಬಿತ್ತು, ಏಳರ ಮೇಲೆ ಬೀಳಲಿಲ್ಲ.

ಅಷ್ಟರಲ್ಲಿ ಗಾಜಿನಾಚೆ ಲಿಫ್ಟು ಕೆಳಗಿಳಿಯುವುದು ಕಂಡಿತು. ಮೇಸ್ತ್ರಿ ಟೀಚರ ಗಾಡಿಗೆ ಹತ್ತಿ, ಹೆಜ್ಜೆ ಹೆಜ್ಜೆಗೆ ಅನ್ನುವಂತೆ ನಿಧಾನವಾಗಿ ಮೂಲೆಯ ರ್ಯಾಂಪಿನತ್ತ ನಡೆಸಿದ. ಅಲ್ಲಿದ್ದ ಅಲೈನ್‌ಮೆಂಟಿನವ ಏನೋ ಕೂಗಾಡಿದ. ಮೇಸ್ತ್ರಿ ಕೈ ಮುಗಿದ. ಅವನು ಗೊಣಗುತ್ತಲೇ ರ್ಯಾಂಪ್ ಬಿಟ್ಟುಕೊಟ್ಟ. ಆಮೇಲೆ ಮೇಸ್ತ್ರಿ ಗಾಜಿನತ್ತ ತಿರುಗಿ ಬರಲು ಸನ್ನೆ ಮಾಡಿದ. ದೂರಿನ ಮೇಡಂ ಓಡಿದಳು. ಕರೆಯದಿದ್ದರೂ ಟೀಚರ್ ಹಿಂದೆಯೇ ಬಂದರು.

“ಟೀಚರ್, ನೀವೂ ನೋಡಿ,” ಅಂದ ಮೇಸ್ತ್ರಿ. “ಹೊಸ ಬುಷ್ ಹಾಕಿದೀನಿ, ಬೋಲ್ಟ್ ಸಡಿಲ ಇದೆ. ಈಗ ಗಾಡಿ ತನ್ನ ಭಾರ ಹಾಕಿ ನಿಂತಿದೆ. ರಬ್ಬರ್ ಎಲ್ಲಿ ನಿಲ್ಬೇಕೋ ಅಲ್ಲೇ ನಿಂತಿದೆ. ಕೊನೆ ಬಿಗಿತ ಈಗ ಕೊಡ್ಬೇಕು. ನಾನು ಲಿಫ್ಟಿನ ಮೇಲೇ, ಚಕ್ರ ಜೋತಾಡ್ತಿರುವಾಗಲೇ ಕೊಡ್ತಿದ್ದೆ. ಆಗ ರಬ್ಬರ್ ಅದೇ ಭಂಗಿಯಲ್ಲಿ ಕಚ್ಕೊಳ್ಳುತ್ತೆ. ಗಾಡಿ ನೆಲಕ್ಕಿಳಿದ ತಕ್ಷಣ ತಿರುಚಿಕೊಳ್ಳುತ್ತೆ. ಆಮೇಲೆ ಹಗಲೂ ರಾತ್ರಿ ತಿರುಚಿಕೊಂಡೇ ಇರುತ್ತೆ, ಗಾಡಿ ನಿಂತಿದ್ರೂ.”

“ಕತ್ತು ಹೊರಳಿಸಿ ಮಲಗಿಸಿ, ಹಾಗೇ ಕಟ್ಟು ಹಾಕಿದ ಹಾಗೆ,” ಅಂದರು ಟೀಚರ್.

“ಹೂಂ. ಹಾಗೇ.”

“ಎರಡು ಸಲ ಹಾಗೆ ಮಾಡಿದಿರಿ, ನನ್ನ ಗಾಡಿಗೆ.”

“ಎರಡು ಸಲ.”

ಟೀಚರ್ ಅವನ ಮುಖವನ್ನೇ ನೋಡಿದರು. “ಅಮ್ಮ ನಿಮ್ಮನ್ನ ನೋಡಿದ್ರೆ ನಾಲ್ಕು ಬಯ್ತಿದ್ರು. ನಾನು ಬಯ್ಯೋದು ಕಲೀಲಿಲ್ಲ, ಬರೀ ಮಾರ್ಕ್ಸ್ ಕಡಿಮೆ ಮಾಡ್ತಿದ್ದೆ. ಬಿಗೀರಿ ಈಗ.”

ಅವನು ಟಾರ್ಕ್ ರೆಂಚ್ ಇಟ್ಟು ಎಳೆದ. ಕಟ್ ಅಂತ ಸದ್ದಾಯಿತು. ಅಷ್ಟೇ ಬಿಗಿ ಸಾಕು ಎಂದು ರೆಂಚೇ ಹೇಳುವ ಸದ್ದು. ಇನ್ನೊಂದು ಪಕ್ಕ. ಕಟ್. ಎಣಿಸಿದರೆ ಎರಡು ನಿಮಿಷದ ಕೆಲಸ. ಆದರೆ ರ್ಯಾಂಪ್ ಖಾಲಿಯಾಗುವವರೆಗೆ ಕಾಯಬೇಕು, ತಳದ ತಗಡನ್ನು ಅಲ್ಲಿಯವರೆಗೆ ಬಿಚ್ಚಿಯೇ ಇಡಬೇಕು. ಈ ಕೆಲಸಕ್ಕೆ ಕಂಪನಿ ಕೊಟ್ಟಿದ್ದು ಒಂದು ಗಂಟೆ ಹತ್ತು ನಿಮಿಷ. ಮೇಸ್ತ್ರಿ ಒಂದು ಗಂಟೆಯಲ್ಲಿ ಮುಗಿಸುತ್ತಿದ್ದ. ಬೇಗ ಕೆಲಸ ಮುಗಿಸುವವರ ಹೆಸರು ಬರೆಯುವ ಗೋಡೆಯ ಹಲಗೆಯ ಮೇಲೆ ಅವನ ಹೆಸರು ವರ್ಷವಿಡೀ ಮೊದಲ ಸಾಲಿನಲ್ಲಿ ಇದ್ದದ್ದು ಹೀಗೆ.

ಟೀಚರ್ ಗಾಡಿ ಹತ್ತಿ ಹೊರಟರು. ಗೇಟಿನ ಹಂಪಿನ ಮೇಲೆ ಮುಂದಿನ ಚಕ್ರ ಹತ್ತಿತು, ಇಳಿಯಿತು. ಮೂವರೂ ಕಿವಿ ನೆಟ್ಟಿದ್ದರು. ಟಯರು ಜಲ್ಲಿಯ ಮೇಲೆ ಹೊರಳಿದ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಟೀಚರ್ ಗಾಡಿ ನಿಲ್ಲಿಸಿ, ಕಿಟಕಿಯಿಂದ ಕೈ ಹೊರಗೆ ಹಾಕಿ, ಸೊನ್ನೆ ಎಂದು ಬೆರಳು ಸುತ್ತಿ ತೋರಿಸಿ ಹೋದರು.

ನಾಲ್ಕೂ ಇಪ್ಪತ್ತು. ದೂರಿನ ಮೇಡಂ ಮೊದಲು ಹಾಕಿದ್ದ ಏಳು ಇಪ್ಪತ್ತೇಳುಗಳನ್ನು ಅಳಿಸಿದಳು. ಕಂಪ್ಯೂಟರಿನಲ್ಲಿ ಮೂವತ್ತೊಂದು ಕಾರಣಗಳಿದ್ದವು. ಕೆಟ್ಟ ರಸ್ತೆ, ಹೆಚ್ಚಿನ ಭಾರ, ಅಜಾಗರೂಕ ಚಾಲನೆ, ಮಾಲೀಕರ ಭ್ರಮೆ ಕೂಡ ಇತ್ತು. ವರ್ಕ್‌ಶಾಪಿನ ತಪ್ಪು ಅನ್ನುವುದಕ್ಕೆ ಮಾತ್ರ ಕೋಡ್ ಇರಲಿಲ್ಲ. ‘ಇತರೆ’ ಒತ್ತಿ ಅವಳೇ ಟೈಪ್ ಮಾಡಿದಳು. ಮೂರು ಸಲ ಬರೆದು ಮೂರು ಸಲ ಅಳಿಸಿದಳು. ಕೊನೆಗೆ ಇಷ್ಟಾಯಿತು:

‘ಹದಿನಾಲ್ಕು ಗಾಡಿಗಳ ಬುಷ್ ಬೋಲ್ಟನ್ನು, ಗಾಡಿ ಲಿಫ್ಟಿನ ಮೇಲಿದ್ದಾಗಲೇ ಮೆಕ್ಯಾನಿಕ್ ತಿಳಿಯದೆ ಬಿಗಿದಿದ್ದರಿಂದ ರಬ್ಬರ್ ಹರಿದಿದೆ. ರಸ್ತೆ ಕಾರಣವಲ್ಲ. ಎಲ್ಲವನ್ನೂ ಮತ್ತೆ ಸರಿಪಡಿಸಬೇಕು.’

ಮೇಸ್ತ್ರಿ ಕೈ ಒರೆಸಿಕೊಳ್ಳುತ್ತ ಬಂದು ಅವಳ ಕುರ್ಚಿಯ ಹಿಂದೆ ನಿಂತ. ಕೌಂಟರಿನ ಈ ಬದಿಗೆ ಅವನು ಬಂದದ್ದು ಅವಳು ಯಾವತ್ತೂ ಕಂಡಿರಲಿಲ್ಲ. ಬಗ್ಗಿ ಓದಿದ. ಗ್ರೀಸಿನ ಬೆರಳನ್ನು ಪರದೆಗೆ ತಾಗದಂತೆ ಒಂದು ಪದದ ಮುಂದೆ ಹಿಡಿದ.

“‘ತಿಳಿಯದೆ’ ಅನ್ನೋದು ತೆಗಿಯೇ.”

“ಇರಲಿ ಬಿಡಿ.”

“ತೆಗಿ. ತಿಳಿದಿತ್ತು. ಕೆಲಸ ಕಲಿಸಿದೋರು ಮೊದಲ ವಾರವೇ ಹೇಳಿಕೊಟ್ಟಿದ್ರು. ಹಲಗೆ ಮೇಲೆ ಹೆಸರು ಕೆಳಗಿಳೀಬಾರದು ಅಂತ ಬಿಟ್ಟೆ. ರಬ್ಬರ್ ತಾನೇ ಹೊಂದ್ಕೊಳ್ಳುತ್ತೆ ಅಂದ್ಕೊಂಡೆ.”

ಅವಳು ಪದವನ್ನು ಅಳಿಸಿದಳು. ಜಾಗ ಕೂಡಿಕೊಂಡಿತು.

ಸಾಹೇಬರು ಐದಕ್ಕೆ ಹತ್ತು ನಿಮಿಷವಿರುವಾಗ ಬಂದರು. ಓದುತ್ತ ಹೋದಂತೆ ಮುಖ ಸಿಂಡರಿಸಿತು.

“ಮೇಸ್ತ್ರಿ, ನಿಮ್ಮ ಹೊಸ ಹುದ್ದೆಯ ಕಾಗದ ನನ್ನ ಮೇಜಿನ ಮೇಲಿದೆ. ಇದು ಹೋದ್ರೆ ಅದು ಹೋಗಲ್ಲ. ಗೊತ್ತಿದೆ ತಾನೇ?”

“ಗೊತ್ತಿದೆ ಸಾರ್.”

“ನಾನು ಇದನ್ನ ತಡೆದ್ರೆ?”

ಅವಳಂದಳು, “ಗಣಿತದ ಟೀಚರ್ ಎಲ್ಲಾ ಕಣ್ಣಾರೆ ನೋಡಿ, ನೋಟ್‌ಬುಕ್ಕಿನಲ್ಲಿ ಬರ್ಕೊಂಡು ಹೋಗಿದಾರೆ ಸಾರ್.”

ಸಾಹೇಬರು ಗೇಟಿನತ್ತ ಒಮ್ಮೆ ನೋಡಿದರು, ಟೀಚರ್ ಇನ್ನೂ ಅಲ್ಲೇ ನಿಂತಿದ್ದಾರೇನೋ ಎಂಬಂತೆ. “ಕಳಿಸಿ. ನನ್ನ ತಲೆ ಮೇಲೂ ಒಂದಿಷ್ಟು ಬೀಳಲಿ,” ಎಂದು ಬಿರಬಿರನೆ ಹೊರಟುಹೋದರು.

ಪಟ್ಟಿ ಹೋಯಿತು. ಮೇಸ್ತ್ರಿ ಗೋಡೆಯ ಹಲಗೆಯ ಕಡೆ ತಿರುಗಿಯೂ ನೋಡದೆ ಶೆಡ್ಡಿಗೆ ಹೋಗಿ, ರ್ಯಾಂಪಿನ ಪಕ್ಕ ಅಲೈನ್‌ಮೆಂಟಿನವನ ಜೊತೆ ಮಾತಿಗಿಳಿದ. ನಾಳೆಯಿಂದ ದಿನಕ್ಕೆ ಎಷ್ಟು ಗಂಟೆ ರ್ಯಾಂಪ್ ಬಿಟ್ಟುಕೊಡ್ತೀಯ ಅಂತ. ಅವನು ಎರಡು ಬೆರಳು ತೋರಿಸಿದ. ಮೇಸ್ತ್ರಿ ಮೂರು ತೋರಿಸಿದ.

ದೂರಿನ ಮೇಡಂ ಉಳಿದ ಹದಿಮೂರರ ಮೊದಲ ಕಾರ್ಡು ಎತ್ತಿಕೊಂಡಳು. ಅದರ ಮಾಲೀಕ ಬೇಕರಿಯವನು, ಹೋದ ವಾರ ಇದೇ ಕೌಂಟರಿಗೆ ಗುದ್ದಿ ಹೋಗಿದ್ದ. ನಂಬರ್ ಒತ್ತಿದಳು. ಎರಡನೇ ರಿಂಗಿಗೇ ಎತ್ತಿದ.

“ಹೇಳಿ, ಈ ಸಲ ಏನಂತೆ? ಮತ್ತೆ ರಸ್ತೆ ಸರಿ ಇಲ್ವಾ?”

“ರಸ್ತೆ ಸರಿ ಇದೆ ಸಾರ್. ತಪ್ಪು ನಮ್ದು.”

ಆ ಕಡೆಯಿಂದ ಒಲೆಯ ಕಬ್ಬಿಣದ ಬಾಗಿಲು ಮುಚ್ಚಿದ ಸದ್ದಷ್ಟೇ ಬಂತು. ಬಯ್ಯಲು ಉಸಿರು ಎಳೆದುಕೊಳ್ಳುತ್ತಿದ್ದಾನೆ ಅಂದುಕೊಂಡು ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು.

“ಯಾವತ್ತು ತರಲಿ?” ಅಂದ ಅವನು.