ಮೇಲಿನ ಎರಡು ವೈರು

ಚಾಗೊ ಬಾನೆಟ್ಟಿನ ಅಂಚಿಗೆ ಬೆರಳು ಹಾಕುವಷ್ಟರಲ್ಲಿ ಮಿಗ್ದಾಲಿಯಾ ಅದರ ಮೇಲೆ ಕೂತುಬಿಟ್ಟಳು. ಮೈಮೇಲೆ ಕರಿಯ ಉಡುಪು, ಕೈಯಲ್ಲಿ ಜಪಮಾಲೆ. ಅಪ್ಪನನ್ನು ಮಣ್ಣು ಮಾಡಲು ಹೊರಟ ಮಗಳು ಕಟ್ಟೆಯ ಮೇಲೆ ಕೂತವಳ ಹಾಗೆ ಕಾರಿನ ಮೂತಿಯ ಮೇಲೆ ಕೂತು ಕಾಲು ಇಳಿಬಿಟ್ಟಳು.

"ಇಳಿ ಮಗಾ. ನಾಲ್ಕು ದಿನದಿಂದ ಸುಮ್ಮನೆ ನಿಂತಿರೋ ಗಾಡಿ. ಒಂದ್ಸಲ ಒಳಗೆ ನೋಡದೆ ಸ್ಟಾರ್ಟ್ ಮಾಡೋಕಾಗಲ್ಲ."

"ನೋಡೋದೇನಿದೆ ಪದ್ರಿನೊ? ಹೊಸ ಪ್ಲಗ್ಗು, ಹೊಸ ವೈರು. ಹೋದ ವಾರ ತಾನೇ ಹಾಕಿದ್ದು."

"ಯಾರು ಹಾಕಿದ್ದು?"

"ನಾವೇ," ಅಂದಳು ಅವಳು.

ಚಾಗೊ ಅವಳ ಪದ್ರಿನೊ, ಜ್ಞಾನತಂದೆ. ಅವಳ ಜ್ಞಾನಸ್ನಾನದ ದಿನ ಎಳೆಗೂಸನ್ನು ಎತ್ತಿ ಹಿಡಿದು ತಂದೆಯ ಪಕ್ಕದಲ್ಲಿ ನಿಂತಿದ್ದವನು. ನಲವತ್ತು ವರ್ಷದಿಂದ ಸೇತುವೆಯ ಆಚೆ ಗ್ಯಾರೇಜು ಇಟ್ಟುಕೊಂಡಿದ್ದ. ರಸ್ತೆಯ ಆ ತುದಿಯಲ್ಲಿ ಬರುವ ಕಾರು ಯಾರದು, ಅದರ ಯಾವ ಪ್ಲಗ್ಗು ಸೋತಿದೆ ಎಂದು ಕಣ್ಣು ಮುಚ್ಚಿಕೊಂಡೇ ಹೇಳುವವನು. ಇವತ್ತು ಅವಳು ಹೆದರುತ್ತಿದ್ದುದು ಆ ಕಿವಿಗೆ.

ಬೀದಿಯ ಉದ್ದಕ್ಕೂ ಹನ್ನೆರಡು ಕಾರುಗಳು ಸಾಲಾಗಿ ನಿಂತಿದ್ದವು. ಎಲ್ಲವೂ ಅಪ್ಪನ ಕಾರಿನಂಥವೇ, ರೋಟರಿ ಇಂಜಿನ್ನಿನವು, ಹಳೆಯವು, ಕನ್ನಡಿಯ ಹಾಗೆ ಉಜ್ಜಿದವು. ಕಾಗ್ವಾಸ್, ಬಯಮೋನ್ ಊರುಗಳಿಂದ ಬೆಳಿಗ್ಗೆಯೇ ಹೊರಟು ಬಂದಿದ್ದ ಗಂಡಸರು ಅಪ್ಪನ ಫೋಟೋ ಅಚ್ಚಾದ ಬಿಳಿ ಟೀಶರ್ಟು ತೊಟ್ಟು ಬೇಲಿಗೆ ಒರಗಿ ಕಾಫಿ ಕುಡಿಯುತ್ತಿದ್ದರು. ಹನ್ನೊಂದು ಗಂಟೆಗೆ ಶವದ ಗಾಡಿ ಮನೆಯ ಮುಂದೆ ಬಂದು ಗಳಿಗೆ ಹೊತ್ತು ನಿಲ್ಲುತ್ತದೆ; ಈ ಕೊಮೆರಿಯೊ ಊರಿನಲ್ಲಿ ಸತ್ತವರು ಮನೆಗೆ ಹಾಗೆಯೇ ವಿದಾಯ ಹೇಳುವುದು. ಅದರ ಬೆನ್ನಿಗೇ ಸತ್ತವನ ಕಾರು ಹೋಗಬೇಕು, ಅವನ ರಕ್ತದವರೇ ಓಡಿಸಬೇಕು, ಸ್ಮಶಾನದ ಗೇಟಿನ ತನಕ ಒಮ್ಮೆಯೂ ಇಂಜಿನ್ ನಿಲ್ಲಬಾರದು. ಗೇಟಿನಲ್ಲಿ ಎಲ್ಲ ಕಾರುಗಳೂ ಒಟ್ಟಿಗೆ ಗರ್ಜಿಸಿ ಒಂದೊಂದಾಗಿ ಸುಮ್ಮನಾಗುತ್ತವೆ. ಸತ್ತವನದು ಕೊನೆಗೆ. ರೋಟರಿ ಕಾರಿನ ಜನರ ಕಟ್ಟಳೆ ಇದು.

"ಆ ಡಬ್ಬಾದಲ್ಲಿ ನಾನು ಕೂರಲ್ಲ ಅಂತ ಮೂವತ್ತು ವರ್ಷ ಹೇಳಿದ್ದೆ ಅವನಿಗೆ," ಎಂದಳು ತೀತಿ ಕಾರ್ಮಿನ್, ಅಪ್ಪನ ಅಕ್ಕ, ಕೋಲೂರಿಕೊಂಡು ಬಂದು. "ಇವತ್ತು ಕೂರಿಸೇಬಿಟ್ಟ ನೋಡು. ದಾರೀಲಿ ನಿಂತುಗಿಂತೀತು ಮತ್ತೆ. ಸತ್ತವನ ಗಾಡಿ ನಡುದಾರೀಲಿ ನಿಂತರೆ ಮನೆಯಿಂದ ಇನ್ನೊಬ್ಬರನ್ನ ಕರೀತಾನಂತೆ. ಕರೆದರೂ ನಾನಂತೂ ಹೋಗಲ್ಲಪ್ಪ, ನಾಳೆಗೆ ಅಂತ ಕಾಳು ನೆನೆಹಾಕಿ ಬಂದಿದೀನಿ."

"ಅದಕ್ಕೇ ನೋಡಬೇಕು ಅನ್ನೋದು," ಎಂದ ಪಕ್ಕದ ಮನೆಯ ವಿಲ್ಫ್ರೆದೊ, ಕಾಫಿ ಊದುತ್ತ. "ಭಾನುವಾರ ಕೈಕೊಟ್ಟಿತಲ್ಲ. ಪಾಪ, ಆ ಏರಲ್ಲಿ ಒಬ್ಬನೇ ತಳ್ಳಿದಾನೆ. ಎಪ್ಪತ್ತೊಂದು ವರ್ಷದ ಎದೆ, ತಡ್ಕೊಳ್ಳುತ್ತಾ?"

ಮಿಗ್ದಾಲಿಯಾಳ ಕೈಯ ಜಪಮಾಲೆ ಬಾನೆಟ್ಟಿನ ತಗಡಿಗೆ ತಾಗಿ ಸಣ್ಣಗೆ ಸದ್ದು ಮಾಡತೊಡಗಿತು. ಅವಳು ಅದನ್ನು ಮುಷ್ಟಿಯೊಳಗೆ ಹಿಡಿದುಕೊಂಡಳು.

*

ಹಿಂದಿನ ಶುಕ್ರವಾರ ಅಪ್ಪ ಅವಳನ್ನು ಬಿಡಿಭಾಗದ ಅಂಗಡಿಗೆ ಕರೆದುಕೊಂಡು ಹೋಗಿದ್ದ. ಶಾಲೆಯ ಅಡುಗೆಮನೆಯಲ್ಲಿ ಇನ್ನೂರೈವತ್ತು ಮಕ್ಕಳ ಊಟ ಮುಗಿಸಿ, ಕೈಯಲ್ಲಿ ಬೆಳ್ಳುಳ್ಳಿಯ ವಾಸನೆ ಹೋಗುವ ಮುಂಚೆಯೇ ಅವಳು ಹೊರಟಿದ್ದಳು. ಅವಳಪ್ಪ ಎರಾಸ್ಮೊ ಕೊಯಾಸೊ ಜೀವಮಾನದಲ್ಲಿ ಆ ಅಂಗಡಿಗೆ ಯಾರನ್ನೂ ಜೊತೆಗೆ ಕರೆದವನಲ್ಲ.

ಅಂಗಡಿಯವನು ಪ್ಲಗ್ಗಿನ ಪೆಟ್ಟಿಗೆಗಳನ್ನು ಮುಂದಿಟ್ಟ. ಅಪ್ಪ ಒಂದನ್ನು ಎತ್ತಿ ಮೂಗಿನ ಹತ್ತಿರ ತಂದ, ದೂರ ಹಿಡಿದ, ಮತ್ತೆ ಹತ್ತಿರ ತಂದ.

"ಇಲ್ಲಿ ಬೆಳಕು ಸರಿಯಿಲ್ಲ. ನಂಬರ್ ಓದು ನೋಡೋಣ," ಅಂದ.

ತಲೆಯ ಮೇಲೆ ನಾಲ್ಕು ಟ್ಯೂಬ್‌ಲೈಟು ಉರಿಯುತ್ತಿದ್ದವು. ಅವಳು ಓದಿದಳು. ಮೂವತ್ತೆರಡು ವರ್ಷ ಊರಿನ ಮಕ್ಕಳನ್ನು ಶಾಲೆಯ ಬಸ್ಸಿನಲ್ಲಿ ಹೊತ್ತು ತಿರುಗಿದವನು, ಬಸ್ಸನ್ನು ಇಪ್ಪತ್ತೈದು ಮೈಲಿಗಿಂತ ಜೋರಾಗಿ ಓಡಿಸದವನು, ಭಾನುವಾರಕ್ಕೆಂದು ಈ ಎರಡು ಸೀಟಿನ ಬಿಳಿಯ ಕಾರನ್ನು ಮಗುವಿನ ಹಾಗೆ ಸಾಕಿದವನು, ಅವನ ಕಣ್ಣು ಹೋಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ.

"ನಾಲ್ಕೂ ಒಂದೇ ನಂಬರಿನವು ಕೊಟ್ಟುಬಿಡ್ಲಾ ದೋನ್ ಎರಾಸ್ಮೊ? ಓಡುತ್ತೆ," ಎಂದ ಅಂಗಡಿಯವನು.

"ನಿನ್ನ ಹೆಂಡ್ತಿ ಅನ್ನಕ್ಕೂ ಪಾಯಸಕ್ಕೂ ಒಂದೇ ಸೌಟು ಹಾಕ್ತಾಳಾ?" ಅಪ್ಪ ನಕ್ಕು ಅವಳ ಕಡೆ ತಿರುಗಿದ. "ಕೇಳು. ಇದರ ಇಂಜಿನ್ನಲ್ಲಿ ಮೇಲೆ ಕೆಳಗೆ ಕುಣಿಯೋದೇನಿಲ್ಲ, ಮುಂದೊಂದು ಹಿಂದೊಂದು ಮೂರು ಮೂಲೆಯ ರೋಟರು ಸುಮ್ಮನೆ ತಿರುಗುತ್ವೆ. ಒಂದೊಂದಕ್ಕೆ ಎರಡು ಪ್ಲಗ್ಗು. ಕೆಳಗಿನದು ಬೆಂಕಿ ಹಚ್ಚುತ್ತೆ. ಮೇಲಿನದು ಉಳಿದದ್ದನ್ನ ಸುಟ್ಟು ಮುಗಿಸುತ್ತೆ. ನಿಮ್ಮಮ್ಮ ಬಡಿಸ್ತಿದ್ಲು, ನಾನು ಪಾತ್ರೆ ಖಾಲಿ ಮಾಡ್ತಿದ್ದೆ, ಹಾಗೆ. ಎರಡರ ಕೆಲಸ ಬೇರೆ, ಎರಡರ ನಂಬರೂ ಬೇರೆ."

ಆಮೇಲೆ ವೈರು. ಒಂದು ಜೊತೆ ದಪ್ಪನೆಯದು, ನೀಲಿ, ನೋಡಲು ಸೊಗಸು. ಇನ್ನೊಂದು ಸಾದಾ ಕರಿಯದು. ಅಪ್ಪ ಎರಡನ್ನೂ ಕಿವಿಯ ಹತ್ತಿರ ಹಿಡಿದು ಬಗ್ಗಿಸಿ ಕೇಳಿದ, ಉಗುರಿನಿಂದ ರಬ್ಬರು ಒತ್ತಿದ, ಮೂಸಿದ. ಎರಡನ್ನೂ ಅವಳ ಮುಂದೆ ತಳ್ಳಿದ.

"ನೀನೇ ಆರಿಸು."

ಅವಳು ಒಂದೊಂದನ್ನೂ ಪ್ಲಗ್ಗಿನ ತಲೆಗೆ ಸಿಕ್ಕಿಸಿ ನೋಡಿ ಕರಿಯದನ್ನು ಎತ್ತಿಕೊಂಡಳು.

"ಯಾಕೆ?"

"ಇದು ಟಿಕ್ ಅಂತ ಕೂತಿತು. ಅದು ಅನ್ನಲಿಲ್ಲ."

ಅಪ್ಪ ಕೌಂಟರಿನ ಮೇಲೆ ಒಮ್ಮೆ ಅಂಗೈಯಿಂದ ತಟ್ಟಿದ. ಅಷ್ಟು ಖುಷಿಯಾದದ್ದನ್ನು ಅಮ್ಮ ಹೋದ ಮೇಲೆ ಅವಳು ನೋಡಿರಲಿಲ್ಲ.

ಮನೆಗೆ ಬಂದು ಅಪ್ಪ ಬಕೆಟ್ಟು ಬೋರಲು ಹಾಕಿ ಕೂತು ಒಂದೇ ಮಾತು ಹೇಳಿದ. "ವೈರು ಒಂದು ಕೀಳು, ಒಂದು ಹಾಕು. ಎರಡನ್ನ ಒಟ್ಟಿಗೆ ಕೀಳಬೇಡ. ಎಷ್ಟು ಬಲ್ಲವರೂ ಮೋಸ ಹೋಗೋದು ಅಲ್ಲೇ." ಹೇಳಿ ಕಾಫಿಗಿಡಲು ಒಳಗೆ ಹೋದ.

ಎರಡೂ ಮುಕ್ಕಾಲಾಗಿತ್ತು. ಮೂರಕ್ಕೆ ಅವಳ ಮಗಳ ಶಾಲೆ ಬಿಡುತ್ತದೆ. ತಡವಾದರೆ ಅಲ್ಲಿ ಬಾಗಿಲು ಕಾಯುವವಳ ಗಂಟುಮುಖ ನೋಡಬೇಕು. ಮಿಗ್ದಾಲಿಯಾ ನಾಲ್ಕೂ ವೈರುಗಳನ್ನು ಒಟ್ಟಿಗೆ ಕಿತ್ತಳು. ಕೆಳಗಿನ ಎರಡರ ಜಾಗ ನೆನಪಿತ್ತು. ಮೇಲಿನ ಎರಡೂ ಒಂದೇ ಉದ್ದ, ಒಂದೇ ಕಪ್ಪು. ಮುಂದಿನ ರೋಟರಿಗೆ ಯಾವುದು, ಹಿಂದಿನದಕ್ಕೆ ಯಾವುದು? ಅಂದಾಜಿಗೆ ಸಿಕ್ಕಿಸಿ ಸ್ಟಾರ್ಟ್ ಮಾಡಿದಳು. ಇಂಜಿನ್ ಓಡಿತು. ಸದ್ದು ಕೊಂಚ ಬೇರೆ ಅನ್ನಿಸಿತು. ಹೊಸ ವೈರಿನ ಸದ್ದಿರಬೇಕು ಅಂದುಕೊಂಡಳು.

ಅಪ್ಪ ಲೋಟ ಹಿಡಿದು ಬಾಗಿಲಲ್ಲಿ ನಿಂತು ತಲೆ ವಾಲಿಸಿದ. "ಒಂದೊಂದೇ ಹಾಕಿದೆ ತಾನೆ?"

"ಹೂಂ ಅಪ್ಪ. ಒಂದೊಂದೇ."

ಭಾನುವಾರ ಬೆಳಿಗ್ಗೆ, ಬರಾಂಕಿತಾಸಿಗೆ ಹೋಗುವ ದಾರಿಯ ಏರಿನ ಮೂರನೆಯ ತಿರುವಿನಲ್ಲಿ, ಬ್ರೆಡ್ಡಿನ ವ್ಯಾನಿನವನಿಗೆ ಅಪ್ಪ ಸಿಕ್ಕಿದ. ಕಾರಿನ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದನಂತೆ, ಬಸ್ಸಿಗೆ ಕಾಯುವವನ ಹಾಗೆ. ಎದೆಬಡಿತ ನಿಂತಿದೆ ಎಂದರು ಡಾಕ್ಟರು. ಕಾರು ನಿಂತಿರಬೇಕು, ತಳ್ಳಿರಬೇಕು ಎಂದರು ಊರವರು. ಕಾರನ್ನು ಎಳೆದು ತಂದವನು ಚಕ್ರ ತಿರುಗುತ್ತಿರಲಿಲ್ಲವೆಂದು ಗೊಣಗಾಡಿ ಹೋದ. ಅಂದಿನಿಂದ ಮಿಗ್ದಾಲಿಯಾ ನಿದ್ದೆ ಮಾಡಿರಲಿಲ್ಲ. ಕಣ್ಣು ಮುಚ್ಚಿದರೆ ಏರಿನಲ್ಲಿ ಕಾರು ಕೆಮ್ಮುವುದು ಕೇಳುತ್ತಿತ್ತು.

*

ಕೆಳಗಿನ ಚೌಕದ ಕಡೆಯಿಂದ ಶವದ ಗಾಡಿಯ ಹಾರನ್ನು ಎರಡು ಸಲ ಕೇಳಿಸಿತು.

"ಬಂದ ನೋಡು," ಎಂದಳು ತೀತಿ, ಶಿಲುಬೆಯ ಗುರುತು ಹಾಕಿಕೊಂಡು. "ಜೀವಮಾನದಲ್ಲೇ ತಡ ಮಾಡಿದವನಲ್ಲ."

ಮಿಗ್ದಾಲಿಯಾ ಬಾನೆಟ್ಟಿನಿಂದ ಜಾರಿ ಇಳಿದಳು. ಚಾಗೊನ ತೋಳು ಹಿಡಿದು ಅವನಿಗಷ್ಟೇ ಕೇಳುವ ಹಾಗೆ ಹೇಳಿದಳು, "ಬೇರೆ ಯಾರೂ ನೋಡೋದು ಬೇಡ."

ಅವನು ಅವಳ ಮುಖವನ್ನೇ ನೋಡಿದ. ಆಮೇಲೆ ಬೇಲಿಯ ಕಡೆ ತಿರುಗಿ, "ಏಯ್, ಏನು ಮದುವೆ ಊಟಕ್ಕೆ ಕಾಯ್ತಿದೀರಾ? ಹೋಗಿ ನಿಮ್ಮ ನಿಮ್ಮ ಗಾಡಿ ಬಿಸಿ ಮಾಡ್ಕೊಳ್ಳಿ. ವಿಲ್ಫ್ರೆದೊ, ನೀನೂ ಹೋಗು. ನಿನಗೆ ಗಾಡಿ ಇಲ್ಲದಿದ್ರೆ ಕಾಫಿ ಬಿಸಿ ಮಾಡ್ಕೋ," ಎಂದ.

ಬಾನೆಟ್ಟು ಎದ್ದಿತು. ಅವಳು ಬೇರೆ ಕಡೆ ನೋಡುತ್ತ ನಿಂತಳು. ಬೈಗುಳ ಬೀಳುತ್ತದೆ ಎಂದು ಕಾದಳು. ಬೀಳಲಿಲ್ಲ. ತಡೆಯಲಾರದೆ ಕಣ್ಣು ಅತ್ತ ಹೊರಳಿತು.

ಮೇಲಿನ ಎರಡು ವೈರುಗಳಿಗೆ ಗಾಯಕ್ಕೆ ಅಂಟಿಸುವ ಬಿಳಿಯ ಪಟ್ಟಿ ಸುತ್ತಿತ್ತು. ಮುಂದಿನದಕ್ಕೆ ಒಂದು ಸುತ್ತು. ಹಿಂದಿನದಕ್ಕೆ ಎರಡು.

"ಇದು ನಾನು ಸುತ್ತಿದ್ದಲ್ಲ," ಎಂದಳು.

ಚಾಗೊ ಒಂದು ವೈರಿನ ಪಟ್ಟಿಯ ಮೇಲೆ ಹೆಬ್ಬೆರಳು ಆಡಿಸಿದ. "ನಿಂಗೆ ಹೇಳಲ್ಲ ಅಂತ ಮಾತು ಕೊಟ್ಟಿದ್ದೆ."

"ಯಾರಿಗೆ?"

"ಇನ್ಯಾರಿಗೆ. ಶನಿವಾರ ಬಂದಿದ್ದ. ಸೇತುವೆ ಮೇಲೆ ಇರುವಾಗಲೇ ನಂಗೆ ಕೇಳಿಸ್ತು, ಒಂದೇ ಸಮ ಕೆಮ್ಮುತ್ತಾ ಬಂದ. ಎತ್ತಿ ನೋಡಿದ್ರೆ ಮೇಲಿನವೆರಡೂ ಅದಲು ಬದಲು. ಎರಡು ನಿಮಿಷದ ಕೆಲಸ, ಸರಿ ಮಾಡಿದೆ. ಯಾರಯ್ಯಾ ಹಾಕಿದ್ದು ಅಂದ್ರೆ, ನಾನೇ ಅಂದ. ನಿನ್ನ ಕೈ ನಂಗೆ ಗೊತ್ತಿಲ್ವಾ, ಸುಳ್ಳು ಹೇಳಬೇಡ ಅಂದೆ. ಆಗ ನಕ್ಕ. ಪಟ್ಟಿ ಕೇಳಿ ತಗೊಂಡು ತಾನೇ ಸುತ್ತಿದ. ಬೆರಳಿಗೆ ಸಿಗಲಿ, ಮುಂದಿನ ಸಲ ಅವಳಿಗೆ ಸುಲಭ ಆಗುತ್ತೆ ಅಂದ. ಹುಡುಗಿಗೆ ಹೇಳಬೇಡ, ಹೇಳಿದ್ರೆ ಇನ್ನೊಂದು ಸಲ ಮುಟ್ಟಲ್ಲ ಅವಳು, ಅಂದ."

ಭಯ ಇನ್ನೊಂದು ಬಾಗಿಲಿನಿಂದ ಒಳಗೆ ಬಂದಿತ್ತು.

"ಸರಿ ಇದ್ದಿದ್ರೆ ಭಾನುವಾರ ಯಾಕೆ ನಿಂತಿತು ಪದ್ರಿನೊ? ಬೇರೇನೋ ಕೆಡಿಸಿದೀನಿ ನಾನು. ಇಲ್ಲ ಅಂದ್ರೆ ಅಪ್ಪ ಯಾಕೆ ತಳ್ಳಬೇಕಿತ್ತು?"

"ತಳ್ಳಿದ ಅಂತ ಯಾರು ನೋಡಿದ್ದು? ವಿಲ್ಫ್ರೆದೊನಾ? ಅವನು ಹಾಸಿಗೆಯಿಂದ ಏಳೋದು ಹತ್ತಕ್ಕೆ." ಚಾಗೊ ಕೈ ಚಾಚಿದ. "ಕೀ ಕೊಡು. ನಿಂಗೆ ಎಲ್ಲಿ ಸಿಕ್ತು ಇದು? ಕಾರಲ್ಲೇ ಇತ್ತಾ?"

"ಇಲ್ಲ. ಆಸ್ಪತ್ರೆಯವರು ಕೊಟ್ಟರು. ಗಡಿಯಾರ, ಕರವಸ್ತ್ರ, ಕೀ. ಅಂಗಿ ಜೇಬಲ್ಲಿತ್ತಂತೆ."

ಕೀ ತೆಗೆದುಕೊಳ್ಳಲು ಚಾಚಿದ ಕೈ ಹಾಗೇ ನಿಂತಿತು.

"ಜೇಬಲ್ಲಿ?"

"ಹೂಂ."

"ಹ್ಯಾಂಡ್‌ಬ್ರೇಕು?"

"ಎಳೆದಿತ್ತು. ಎಳೆದು ತಂದವನು ಬೈತಿದ್ದ. ಚಕ್ರ ಗುಡ್ಡದ ಕಡೆ ತಿರುಗಿ ಸ್ಟಿಯರಿಂಗಿಗೆ ಬೀಗ ಬಿದ್ದಿತ್ತು, ಜಗ್ಗಿದ್ರೂ ಬರಲಿಲ್ಲ ಅಂತ."

ಚಾಗೊ ಕಾರಿನ ಅಂಚಿಗೆ ಎರಡೂ ಕೈ ಊರಿ ತಲೆ ತಗ್ಗಿಸಿದ.

"ಯಾವನಾದ್ರೂ ಸ್ಟಿಯರಿಂಗಿಗೆ ಬೀಗ ಹಾಕಿ, ಬ್ರೇಕು ಎಳೆದು, ಕೀ ಜೇಬಿಗೆ ಹಾಕ್ಕೊಂಡು ಗಾಡಿ ತಳ್ಳುತ್ತಾನಾ ಮಗಾ? ಬಸ್ಸಿನವನು ಕಣೇ ಅವನು. ಮೈಯಲ್ಲಿ ಏನೋ ಆಗ್ತಿದೆ ಅಂತ ಗೊತ್ತಾಗಿದೆ. ಗಾಡೀನ ರಸ್ತೆ ಅಂಚಿಗೆ ತಂದಿದಾನೆ. ಚಕ್ರ ಗುಡ್ಡಕ್ಕೆ ತಿರುಗಿಸಿದಾನೆ, ಉರುಳಿದ್ರೂ ಕಣಿವೆಗೆ ಹೋಗಬಾರದು ಅಂತ. ಬಸ್ಸಲ್ಲಿ ಮಕ್ಕಳಿದ್ದಾಗ ಏನು ಮಾಡ್ತಿದ್ನೋ ಅದನ್ನೇ ಮಾಡಿದಾನೆ. ಕಾರು ನಿಂತಿಲ್ಲ. ಅವನು ನಿಲ್ಲಿಸಿದಾನೆ."

ಬೀದಿಯಲ್ಲಿ ಇಂಜಿನ್ನುಗಳು ಒಂದೊಂದಾಗಿ ಎದ್ದವು. ಕಿಟಕಿಯ ಗಾಜು ಅದುರತೊಡಗಿತು. ಶವದ ಗಾಡಿ ಬಂದು ಗೇಟಿನ ಮುಂದೆ ನಿಂತಿತು.

*

ಅವಳು ಕೀ ತಿರುಗಿಸಿದಾಗ ಮೊದಲ ಸಲ ಹತ್ತಲಿಲ್ಲ. ಎರಡನೆಯ ಸಲವೂ ಹತ್ತಲಿಲ್ಲ. ಪಕ್ಕದ ಸೀಟಿನಲ್ಲಿ ತೀತಿ ಕಾರ್ಮಿನ್ ಕೋಲನ್ನು ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ್ದಳು. ಚಾಗೊ ಬಗ್ಗಿ, "ಆಕ್ಸಿಲರೇಟರ್ ಮುಟ್ಟಬೇಡ. ಸುಮ್ಮನೆ ತಿರುಗಿಸು," ಎಂದ. ಮೂರನೆಯದಕ್ಕೆ ಎದ್ದಿತು. ಒಡೆದ ಸದ್ದಿಲ್ಲದೆ, ಎರಡೂ ರೋಟರುಗಳು ಒಂದೇ ಉಸಿರಿನಲ್ಲಿ. ಚಾಗೊ ತಲೆ ವಾಲಿಸಿ ಕೇಳಿದ, ಚಾವಣಿಯನ್ನು ತಟ್ಟಿ ಹಿಂದಕ್ಕೆ ಸರಿದ.

ಶವದ ಗಾಡಿ ಆಳು ನಡೆಯುವ ವೇಗದಲ್ಲಿ ಸಾಗಿತು. ಈ ಕಾರುಗಳಿಗೆ ನಿಧಾನವೇ ಶತ್ರು. ಅವಳು ಕ್ಲಚ್ಚು ಒತ್ತುತ್ತ, ಬಿಡುತ್ತ ಹಿಂಬಾಲಿಸಿದಳು. ಚಾಗೊ ಹೇಳಿದ್ದು ಗೊತ್ತು, ನಂಬಿದ್ದೂ ಹೌದು, ಆದರೂ ಪ್ರತಿ ಏರಿನಲ್ಲೂ ಕಿವಿ ತಾನಾಗಿ ಕೆಮ್ಮನ್ನು ಹುಡುಕುತ್ತಿತ್ತು. ಸ್ಮಶಾನಕ್ಕೂ ಅಪ್ಪ ಭಾನುವಾರ ಹೋದ ದಾರಿಯೇ. ಮೂರನೆಯ ತಿರುವಿನ ಕಂಬಿಗೆ ಯಾರೋ ಕೆಂಪು ದಾಸವಾಳದ ಗೊಂಚಲು ಕಟ್ಟಿದ್ದರು. ಶವದ ಗಾಡಿಯವನು ಮರ್ಯಾದೆಗೆಂದು ಅಲ್ಲಿ ಇನ್ನೂ ನಿಧಾನ ಮಾಡಿದ. ಅವಳ ಕಾರು ಸೊರಗಿ, ತಗ್ಗಿ, ಸ್ಟಿಯರಿಂಗ್ ಕೈಯಲ್ಲಿ ಅದುರಿತು.

"ನಿಂತಿತಾ?" ಎಂದಳು ತೀತಿ ಕಣ್ಣು ತೆರೆಯದೆ.

"ಇಲ್ಲ ತೀತಿ."

"ನಿಂತರೆ ನಂಗೆ ಹೇಳಬೇಡ."

ದಾಸವಾಳ ಕಿಟಕಿಯ ಪಕ್ಕದಲ್ಲೇ ಹಾದುಹೋಯಿತು. ಕಾರು ತನ್ನ ಪಾಡಿಗೆ ತಾನು ಏರುತ್ತಲೇ ಇತ್ತು.

ಸ್ಮಶಾನದ ಗೇಟು ಇಳಿಜಾರಿನಲ್ಲಿದೆ. ಆರು ಜನ ಪೆಟ್ಟಿಗೆಯನ್ನು ಹೆಗಲಿಗೆ ತೆಗೆದುಕೊಂಡು ನಿಂತರು. ಹನ್ನೆರಡು ಕಾರುಗಳೂ ಅಪ್ಪನದೂ ಒಟ್ಟಿಗೆ ಗರ್ಜಿಸಿದವು. ಗುಡ್ಡ ಅದನ್ನು ಹಿಂದಕ್ಕೆಸೆಯಿತು. ಮರದ ಮೇಲಿನ ಹಕ್ಕಿಗಳೆಲ್ಲ ಎದ್ದುಹೋದವು. ಆಮೇಲೆ ಒಂದೊಂದಾಗಿ ಆರಿದವು. ಬಯಮೋನಿನ ಕೆಂಪು. ಕಾಗ್ವಾಸಿನ ಹಳದಿ. ಚಾಗೊನ ಬೂದು. ಕೊನೆಗೆ ಅಪ್ಪನದೊಂದೇ ಉಳಿಯಿತು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

ಅವಳು ಹ್ಯಾಂಡ್‌ಬ್ರೇಕು ಎಳೆದಳು. ಚಕ್ರಗಳನ್ನು ಗುಡ್ಡದ ಕಡೆಗೆ ತಿರುಗಿಸಿದಳು. ಇಂಜಿನ್ನು ಆರಿಸಿ ಕೀಯನ್ನು ಹೊರಗೆಳೆದು, ಸ್ಟಿಯರಿಂಗನ್ನು ಇನ್ನೊಂದಿಷ್ಟು ಅದೇ ಕಡೆಗೆ ಒತ್ತಿದಳು.

ಬೀಗ ಟಿಕ್ ಎಂದಿತು.