ವಿನೀ ಕೂರುತ್ತಿದ್ದ ಬೆಂಚು

ಬೇಡ ಎಂದು ಹೇಳಿ ಬರಲಿಕ್ಕೆಂದೇ ಹಾರ್ಲನ್ ಟೀಗ್ ಆ ಭಾನುವಾರ ಹೆಂಡತಿಯ ಚರ್ಚಿಗೆ ಹೋದದ್ದು. ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ಸತ್ತವಳ ಕಡೆಯ ಆಸೆಗೆ ಕಲ್ಲು ಹಾಕುವವನು ಮುಖ ತೋರಿಸಿಯಾದರೂ ಹಾಕಬೇಕು ಎನ್ನುವುದು ಅವನ ನ್ಯಾಯ.

ವಿನೀ ಹೋಗಿ ತಿಂಗಳಾಗುತ್ತ ಬಂದಿತ್ತು. ತನ್ನ ಬೂದಿಯನ್ನು ಸೇಂಟ್ ಆಲ್ಬನ್ ಚರ್ಚಿನ ಹಿಂದಿನ ತೋಟದಲ್ಲಿ ಬರಿಯ ಮಣ್ಣಿಗೆ ಸೇರಿಸಬೇಕೆಂದು ಅವಳು ಅಲ್ಲಿಯ ಪಾದ್ರಿಯಮ್ಮನಿಗೆ ಹೇಳಿಹೋಗಿದ್ದಳು. ಗಂಡನಿಗೆ ಹೇಳಿರಲಿಲ್ಲ. ಹೇಳಿದ್ದರೆ ಜಗಳವಾಗುತ್ತಿತ್ತು. ಯಾಕೆಂದರೆ ಕೊಲ್ಲಿಯ ಆಚೆ ದಂಡೆಯ ಬ್ಯಾಪ್ಟಿಸ್ಟ್ ಸ್ಮಶಾನದಲ್ಲಿ, ತನ್ನ ಅಪ್ಪ ಅಮ್ಮನ ಪಕ್ಕಕ್ಕೆ, ಹಾರ್ಲನ್ ಯಾವತ್ತೋ ಇಬ್ಬರಿಗೂ ಜಾಗ ಹಿಡಿದು, ಒಂದೇ ಕಲ್ಲಿನ ಮೇಲೆ ಇಬ್ಬರ ಹೆಸರನ್ನೂ ಕೆತ್ತಿಸಿಟ್ಟಿದ್ದ.

ಬೂದಿಯ ಡಬ್ಬಿ ಈಗ ಅಡುಗೆಮನೆಯಲ್ಲಿ ಟೋಸ್ಟರ್ ಪಕ್ಕದಲ್ಲಿತ್ತು. ಅದರ ಎದುರಿಗೇ ಅವನು ದಿನಾ ಮೊಟ್ಟೆ ಕರಿದುಕೊಂಡು ತಿನ್ನುತ್ತಿದ್ದ. ಅಳು ಬಂದಿರಲಿಲ್ಲ. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಳ್ಳುತ್ತೇವಲ್ಲ, ಹಾಗೆ ಆಗಾಗ ಅವಳ ಚಪ್ಪಲಿ, ಅವಳ ಕನ್ನಡಕ ನೋಡಿ ಪರೀಕ್ಷೆ ಮಾಡಿಕೊಳ್ಳುತ್ತಿದ್ದ. ಏನೂ ಆಗುತ್ತಿರಲಿಲ್ಲ.

ಎತ್ತು ಏರಿಗೆಳೆದರೆ ಕೋಣ ನೀರಿಗೆ ಎನ್ನುವ ಹಾಗೆ ಗಂಡ ಹೆಂಡಿರ ಭಾನುವಾರಗಳೇ ಬೇರೆ. ಅವಳನ್ನು ಈ ಎಪಿಸ್ಕೋಪಲ್ ಚರ್ಚಿನ ಇಟ್ಟಿಗೆ ಮೆಟ್ಟಿಲ ಹತ್ತಿರ ಇಳಿಸಿ ಅವನು ತನ್ನ ಬ್ಯಾಪ್ಟಿಸ್ಟ್ ಚರ್ಚಿನ ಕಡೆಗೆ ಟ್ರಕ್ ತಿರುಗಿಸುತ್ತಿದ್ದ. "ಹೋಗು, ನಿನ್ನ ಬಸ್ಕಿ ಹೊಡ್ಕೊಂಡು ಬಾ," ಎಂದು ಅವನು. "ನೀನು ಹೋಗಿ ಚೆನ್ನಾಗಿ ಬೈಸ್ಕೊಂಡು ಬಾ," ಎಂದು ಅವಳು. ಮಧ್ಯಾಹ್ನ ಹುರಿದ ಕೋಳಿಯ ಮುಂದೆ ಇಬ್ಬರ ದೇವರೂ ಒಂದಾಗುತ್ತಿದ್ದ. ಅವಳ ಅಂತ್ಯಪ್ರಾರ್ಥನೆಯನ್ನೂ ಹಾರ್ಲನ್ ತನ್ನ ಚರ್ಚಿನಲ್ಲೇ ಮಾಡಿಸಿದ್ದ. ಸೇಂಟ್ ಆಲ್ಬನ್‌ನವರು ಬಂದು, ಹಿಂದಿನ ಸಾಲಿನಲ್ಲಿ ಕೂತು, ಸದ್ದಿಲ್ಲದೆ ಎದ್ದುಹೋಗಿದ್ದರು.

ಈಗ ಅವನು ಅವರ ನಡುವೆ, ಖಾಲಿ ಕಂಡ ಒಂದು ಬೆಂಚಿನಲ್ಲಿ ಕೂತ. ನೀಲಿ ಹ್ಯಾಟಿನ ಮುದುಕಿಯೊಬ್ಬಳು ಬಂದು ಪಕ್ಕದಲ್ಲಿ ಕೋಲು ಒರಗಿಸಿದಳು.

"ಅಲ್ಲೇ ಕೂತ್ರಾ? ಸರಿಹೋಯ್ತು. ಅದು ನಿಮ್ಮ ವಿನಿಫ್ರೆಡ್ ಜಾಗ," ಎಂದಳು. "ನಾನು ಓಪಲ್. ನೀವು ಹಾರ್ಲನ್ನು. ರಾತ್ರಿ ಹೊದಿಕೆ ಪೂರ್ತಿ ಎಳ್ಕೊಳ್ಳೋರು."

ಅವನು ಹೌದೆಂದು ತಲೆಯಾಡಿಸಿದ.

ಆರ್ಗನ್ ಶುರುವಾಯಿತು. ಉದ್ದನೆಯ ಕೋಲಿನ ಮೇಲೆ ಹಿತ್ತಾಳೆಯ ಶಿಲುಬೆ ಬೆಂಚುಗಳ ನಡುವೆ ಹಾದುಹೋಗುವಾಗ ಎಲ್ಲರೂ ತಲೆ ಬಾಗಿಸಿದರು. ಹಾರ್ಲನ್ ತಡವಾಗಿ ಬಾಗಿಸಿ, ಹಿಂದೆ ಹಾಡುತ್ತ ಬಂದ ಹೆಂಗಸಿನ ಬೂಟಿಗೆ ನಮಸ್ಕಾರ ಸಲ್ಲಿಸಿದ. ಆಮೇಲೆ ಶುರುವಾಯಿತು ಬಸ್ಕಿ. ಹಾಡಲಿಕ್ಕೆ ಏಳು, ಕೇಳಲಿಕ್ಕೆ ಕೂರು, ಬೇಡಲಿಕ್ಕೆ ಮಂಡಿಯೂರು. ಅವನು ಎದ್ದಾಗ ಊರೆಲ್ಲ ಕೂತಿರುತ್ತಿತ್ತು, ಕೂತಾಗ ಮಂಡಿಯೂರಿರುತ್ತಿತ್ತು. ಪ್ರತಿ ಮಾತಿಗೂ ಪುಸ್ತಕ. ಅವನ ಚರ್ಚಿನಲ್ಲಿ ಪಾದ್ರಿ ಬೆವರು ಸುರಿಸಿ, ಮೇಜು ಗುದ್ದಿ, ಎದೆಯಿಂದ ಕಿತ್ತು ಕೊಡುತ್ತಿದ್ದ. ಇಲ್ಲಿ ಯಾರೂ ಬೆವರುವುದಿಲ್ಲ. ಪಾದ್ರಿಯಮ್ಮ ಮೆಲ್ಲಗೆ ನಾಲ್ಕು ಮಾತಾಡಿ ಇಳಿದಳು.

"ಇಷ್ಟೇನಾ ಪ್ರಸಂಗ?" ಎಂದು ಅವನು ಪಿಸುಗುಟ್ಟಿದ.

"ಇವತ್ತು ಸ್ವಲ್ಪ ಎಳೆದ್ಲು," ಎಂದಳು ಓಪಲ್.

ಇಂಥ ಆರಿದ ಗಂಜಿಗಾಗಿ ಇವಳು ವರ್ಷಗಟ್ಟಲೆ ಬಂದಳೇ ಎಂದು ಹಾರ್ಲನ್‌ಗೆ ಅನಿಸಿತು. ಬೇಡ ಎನ್ನುವ ಮಾತು ನಾಲಿಗೆಯ ಮೇಲೆ ಇನ್ನೂ ಗಟ್ಟಿಯಾಯಿತು.

ಎಲ್ಲರೂ ಮತ್ತೆ ಮಂಡಿಯೂರಿದರು. ಊರಿನ ಔಷಧಿ ಅಂಗಡಿಯವನು ಮುಂದೆ ನಿಂತು ದೇಶಕ್ಕಾಗಿ, ಬಿಷಪ್ಪರಿಗಾಗಿ, ಸಮುದ್ರದ ಮೇಲಿರುವವರಿಗಾಗಿ ಪ್ರಾರ್ಥನೆ ಓದಿದ. ಕಷ್ಟದಲ್ಲಿರುವವರಿಗಾಗಿ ಎಂದವನು ಅಲ್ಲಿಗೇ ನಿಲ್ಲಿಸಿದ. ಆಗ ಅಲ್ಲೊಂದು ಇಲ್ಲೊಂದು ಬೆಂಚಿನಿಂದ ಹೆಸರುಗಳು ಬಿದ್ದವು. ಥೀಯಾ. ಪುಟ್ಟ ಕ್ಯಾಲ್ವಿನ್. ನನ್ನ ತಮ್ಮ ರಾಯ್ಸ್. ಆಮೇಲೆ ಕಿವಿಯ ಪಕ್ಕದಲ್ಲೇ, ಓಪಲ್‌ಳ ಗಟ್ಟಿ ದನಿಯಲ್ಲಿ:

"ಹಾರ್ಲನ್."

ಅವನ ಚರ್ಚಿನಲ್ಲಿ ಹೆಸರು ಕರೆದರೆ, ಎದ್ದು ನಿಂತು ಪ್ರಾರ್ಥನೆ ನಡೆಸು ಎಂದು ಅರ್ಥ. ಹುಟ್ಟಿನಿಂದ ಬಂದ ರೂಢಿ. ಹಾರ್ಲನ್ ದಡಕ್ಕನೆ ಎದ್ದ. ಮಂಡಿಯೂರಿದ ಅಷ್ಟು ಬೆನ್ನುಗಳ ನಡುವೆ ಒಬ್ಬನೇ ನಿಂತು, "ಪರಲೋಕದ ತಂದೆಯೇ..." ಎಂದು ಜೋರಾಗಿ ಶುರುವನ್ನೂ ಮಾಡಿಬಿಟ್ಟ.

ಓಪಲ್ ಅವನ ಕೋಟು ಜಗ್ಗಿದಳು. "ಕೂತ್ಕೊಳ್ರೀ! ಕರೆದಿದ್ದು ನಿಮ್ಮನ್ನಲ್ಲ, ದೇವರನ್ನ."

ಅವನು ಕುಸಿದು ಕೂತ. "ನನ್ನ ಹೆಸರು ಯಾಕೆ? ನಂಗೇನಾಗಿದೆ?"

"ನಂಗೇನು ಗೊತ್ತು? ಪ್ರತಿ ಭಾನುವಾರ ಇದೇ ಹೊತ್ತಿಗೆ ಅವಳು ಹೇಳ್ತಿದ್ಲು. ಅವಳು ಹೋದ್ಮೇಲೆ ಬಂದ ಮೊದಲನೇ ಭಾನುವಾರ ಪ್ರಾರ್ಥನೆ ಇಲ್ಲಿಗೆ ಬಂದಾಗ ಹಳ್ಳ ಬಿದ್ದಂಗಾಯ್ತು. ಎಲ್ಲರೂ ಕಾಯ್ತಾ ಕೂತ್ರು. ಕೊನೆಗೆ ನಾನೇ ಹೇಳ್ದೆ. ಈಗ ನನ್ನ ಬಾಯಿಗೇ ಅಂಟ್ಕೊಂಡಿದೆ."

ಔಷಧಿ ಅಂಗಡಿಯವನು ತೀರಿಹೋದವರಿಗಾಗಿ ಎಂದು ಓದಿ ಮತ್ತೆ ನಿಲ್ಲಿಸಿದ. ಯಾರೂ ಬಾಯಿ ಬಿಡಲಿಲ್ಲ. ಓಪಲ್ ಹಾರ್ಲನ್ ಕಡೆ ನೋಡಿದಳು. ಮುಂದಿನ ಸಾಲಿನ ಒಂದೆರಡು ತಲೆಗಳು ಚೂರು ತಿರುಗಿ ಕಾದವು. ಈ ಹೆಸರನ್ನು ಅವನಿಗೇ ಬಿಟ್ಟಿದ್ದರು. ಹಾರ್ಲನ್ ಬಾಯಿ ತೆರೆದ. ದಿನಕ್ಕೆ ನೂರು ಸಲ ಕೂಗುತ್ತಿದ್ದ ಹೆಸರು, ಹೊರಗೆ ಬರಲಿಲ್ಲ. ಅವರು ಬಹಳ ಹೊತ್ತು ಕಾದರು. ಆಮೇಲೆ ಪುಟ ತಿರುಗಿತು.

ಜನ ಬೆಂಚು ದಾಟಿ ಬಂದು "ಸಮಾಧಾನ ನಿಮ್ಮೊಂದಿಗಿರಲಿ" ಎಂದು ಕೈ ಕುಲುಕಿದರು. ಯಾರೂ ಅವನ ಹೆಸರು ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು. ರೊಟ್ಟಿ, ದ್ರಾಕ್ಷಾರಸ ಕೊಡುವ ಹೊತ್ತಿಗೆ ಓಪಲ್ ಅವನನ್ನು ಎಬ್ಬಿಸಿಕೊಂಡು ಮುಂದಕ್ಕೆ ಹೋದಳು. "ಬೇಡ ಅಂದ್ರೆ ಎದೆ ಮೇಲೆ ಕೈ ಕಟ್ಕೊಳ್ಳಿ. ಬರೀ ಆಶೀರ್ವಾದ ಮಾಡ್ತಾಳೆ." ಅವನು ಕೈ ಕಟ್ಟಿಕೊಂಡ. ಪಾದ್ರಿಯಮ್ಮನ ಹೆಬ್ಬೆರಳು ಹಣೆಯ ಮೇಲೆ ಶಿಲುಬೆ ಎಳೆಯಿತು. ಏನಾದರೂ ಆಗಬಹುದೇನೋ ಎಂದು ಅವನು ಕಾದ. ಮಂಡಿ ನೋವು ಬಿಟ್ಟರೆ ಬೇರೇನೂ ಆಗಲಿಲ್ಲ.

ಆರಾಧನೆ ಮುಗಿದ ಮೇಲೆ ಪಕ್ಕದ ಹಾಲ್‌ನಲ್ಲಿ ನೀರು ಕಾಫಿ, ನಿಂಬೆಹಣ್ಣಿನ ಸಿಹಿ. ಪಾದ್ರಿಯಮ್ಮ ಬಿಳಿ ನಿಲುವಂಗಿ ಕಳಚಿ ಅವನ ಹತ್ತಿರ ಬಂದಳು.

"ತೋಟದ ವಿಚಾರ, ಹಾರ್ಲನ್. ನೀವು ಬೇಡ ಅಂದ್ರೂ ಇಲ್ಲಿ ಯಾರೂ ತಪ್ಪು ತಿಳ್ಕೊಳ್ಳಲ್ಲ."

ಬೇಡ ಎನ್ನಲು ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಅವನು ಕಪ್ಪಿನೊಳಗೆ ನೋಡಿದ.

"ನಂಗೇನು ಕಷ್ಟ ಅಂತ ಅವಳು ಹೇಳಿದ್ಲಾ?"

"ಇಲ್ಲ. ನಾವು ಕೇಳೋದಿಲ್ಲ. ಹೆಸರು ಹೇಳಿದ್ರೆ ಸಾಕು."

ಟ್ರಕ್ಕಿನಿಂದ ಇಳಿದು, ಬೈದು ನಕ್ಕು ಒಳಗೆ ಹೋದವಳು ಪ್ರತಿ ವಾರ ಈ ಜನರ ಮುಂದೆ ಮಂಡಿಯೂರಿ ಅವನ ಹೆಸರು ಹೇಳಿದ್ದಳು; ಅವನಿಗೆ ಒಂದು ದಿನವೂ ಹೇಳಿರಲಿಲ್ಲ.

"ಶನಿವಾರ ಕರ್ಕೊಂಡು ಬರ್ತೀನಿ," ಎಂದ.

"ಯಾರನ್ನ?"

"ವಿನೀನ."

ಹೆಸರು ತಾನಾಗಿ ಬಂದಿತ್ತು. ಪಾದ್ರಿಯಮ್ಮ ಮೆಲ್ಲಗೆ ಕೇಳಿದಳು, "ಅಲ್ಲಿ ನಿಮ್ಮ ಕಲ್ಲಿನ ಮೇಲೆ ಅವರ ಹೆಸರು ಇದೆಯಂತಲ್ಲ. ಅಳಿಸ್ಬೇಕಾಗುತ್ತಲ್ವಾ?"

"ಯಾಕೆ ಅಳಿಸ್ಬೇಕು?" ಎಂದ ಹಾರ್ಲನ್. "ಇಷ್ಟು ವರ್ಷ ನಾನಿಲ್ದೆ ನನ್ನ ಹೆಸರು ಇಲ್ಲಿತ್ತು. ಇನ್ಮೇಲೆ ಅವಳಿಲ್ದೆ ಅವಳ ಹೆಸರು ಅಲ್ಲಿರ್ಲಿ."

ಅಳು ಆಗಲೂ ಬರಲಿಲ್ಲ. ಆರಿದ ಕಾಫಿಯನ್ನು ಕುಡಿದು, ಕಪ್ಪನ್ನು ಎಲ್ಲಿಡಬೇಕೆಂದು ಓಪಲ್‌ಳನ್ನು ಕೇಳಿದ.